ಶೆಡ್ಡಿನ ಮಕ್ಕಳ ಶಾಲೆಗೆ 3 ಲಕ್ಷ ರೂಪಾಯಿ: ಯಾವುದಕ್ಕೆ ಹಾಕಬೇಕು, ಯಾವುದನ್ನು ಸರ್ಕಾರದಿಂದ ಪಡೆಯಬೇಕು?

ವರ್ತೂರು ಬಳಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಪೂರ್ವದಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿರುವ ಜಾಗದ ಪಕ್ಕ ತಗಡಿನ ಶೆಡ್ಡು, ನೀಲಿ ಟಾರ್ಪಾಲಿನ ಗುಡಿಸಲುಗಳಲ್ಲಿ ಸುಮಾರು 60 ಕುಟುಂಬಗಳಿವೆ. ಯಾದಗಿರಿ, ರಾಯಚೂರಿನವರೇ ಹೆಚ್ಚು, ಉಳಿದವರು ಬಿಹಾರ, ಒಡಿಶಾದವರು. 6ರಿಂದ 14 ವರ್ಷದ 38 ಮಕ್ಕಳು ಶಾಲೆಗೆ ಹೋಗುತ್ತಿಲ್ಲ. 15ರಿಂದ 17ರವರು ಐದು ಜನ ಬೇರೆ. ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ 2.4 ಕಿ.ಮೀ. ದೂರ, ನಡುವೆ ಟಿಪ್ಪರ್, ಲಾರಿ ಓಡಾಡುವ ರಸ್ತೆ. ಅಲ್ಲಿನ ಮುಖ್ಯ ಶಿಕ್ಷಕಿ ಸೇರಿಸಿಕೊಳ್ಳಲು ಸಿದ್ಧರಿದ್ದಾರೆ.

ಪಕ್ಕದ ಬಡಾವಣೆಯ ನಿವಾಸಿಗಳ ಸಂಘ ಈ ವರ್ಷ 3 ಲಕ್ಷ ಕೊಡಲು ಒಪ್ಪಿದೆ. ಕೆಲವರು ಶೆಡ್ಡಿನ ಹತ್ತಿರವೇ ಒಂದು ಕೊಠಡಿ ಹಾಕೋಣ ಅಂತಾರೆ, ಕೆಲವರು ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡಿಸೋಣ ಅಂತಾರೆ. ಕೆಲಸ ಮುಗಿದ ಮೇಲೆ ಈ ಕುಟುಂಬಗಳು ಬೇರೆ ಸೈಟಿಗೆ ಹೋಗುತ್ತವೆ, ಹಾಕಿದ ದುಡ್ಡು ದಂಡ ಆಗಬಾರದು. ಸರ್ಕಾರದಿಂದ ಏನೇನು ಬರುತ್ತದೆ, ಹೇಗೆ ಕೇಳಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಕ್ಲಸ್ಟರ್ ಮೇಷ್ಟ್ರು

ಕೊಠಡಿಯೂ ಬೇಡ, ಬೋರ್ಡೂ ಬೇಡ. ಮೊದಲು 38 ಮಕ್ಕಳನ್ನೂ ಶಾಲೆಗೆ ದಾಖಲು ಮಾಡಿಸಿ. ದಾಖಲಾಗದ ಮಗುವಿನ ಹೆಸರಿಗೆ ಇಲಾಖೆಯಿಂದ ಒಂದು ಪೈಸೆಯೂ ಬರುವುದಿಲ್ಲ, ದಾಖಲಾದ ಮಗುವಿಗೆ ಅರ್ಧಕ್ಕಿಂತ ಹೆಚ್ಚು ಖರ್ಚು ತಾನಾಗಿ ಸರ್ಕಾರದ ಮೇಲೆ ಬೀಳುತ್ತದೆ. ಶೆಡ್ಡಿನ ಹತ್ತಿರ ಖಾಸಗಿ ಕೇಂದ್ರ ಮಾಡಿದರೆ ಊಟ, ಪುಸ್ತಕ, ಸಮವಸ್ತ್ರ ಎಲ್ಲವೂ ನಿಮ್ಮ ತಲೆ ಮೇಲೆಯೇ.

ದಾಖಲೆ ಪತ್ರ ಇಲ್ಲ ಅನ್ನುವುದು ಅಡ್ಡಿಯಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ ಕಲಂ 14ರ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸ್ ಕಳಿಸುವಂತಿಲ್ಲ. ಅಂಗನವಾಡಿ ದಾಖಲೆ, ಆಸ್ಪತ್ರೆಯ ಅಥವಾ ದಾದಿಯರ ರಿಜಿಸ್ಟರ್, ಅದೂ ಇಲ್ಲದಿದ್ದರೆ ಪೋಷಕರ ಸ್ವಯಂ ಘೋಷಣೆ ಸಾಕು. ಕಲಂ 4ರ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. 11 ವರ್ಷದ ಹುಡುಗನನ್ನು ಓದಲು ಬರಲ್ಲ ಎಂದು ಒಂದನೇ ಕ್ಲಾಸಿಗೆ ಕೂರಿಸಿದರೆ ಆ ಪುಟ್ಟ ಮಕ್ಕಳ ಮಧ್ಯೆ ಅವನು ಹೆಚ್ಚು ದಿನ ಕೂರುವುದಿಲ್ಲ. ಐದನೆಯದಕ್ಕೋ ಆರನೆಯದಕ್ಕೋ ಸೇರಿಸಿ, ಅದೇ ಶಾಲೆಯಲ್ಲಿ ವಿಶೇಷ ತರಬೇತಿ ಕೇಳಿ. ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ ಕೊಡಲು ಅವಕಾಶವಿದೆ.

ಇನ್ನು ದುಡ್ಡು. ಶಾಲಾ ಶಿಕ್ಷಣಕ್ಕೆ ಕೇಂದ್ರ, ರಾಜ್ಯ ಸೇರಿ ಹಣ ಕೊಡುವ ‘ಸಮಗ್ರ ಶಿಕ್ಷಣ’ ಯೋಜನೆಯ 2021ರಿಂದ 2026ರ ಮಾರ್ಚ್‌ವರೆಗಿನ ಹಂತಕ್ಕೆ ನಿಗದಿಯಾದ ದರಗಳು ಇವು. ವಸತಿ ರಹಿತ ವಿಶೇಷ ತರಬೇತಿಗೆ ಮಗುವಿಗೆ ವರ್ಷಕ್ಕೆ 6,000 ರೂ.ವರೆಗೆ, ವಸತಿ ಸಹಿತಕ್ಕೆ 20,000 ರೂ.ವರೆಗೆ. ಸಮವಸ್ತ್ರಕ್ಕೆ 600. ಶಾಲೆಗೆ ಬರುವ ಸಂಯುಕ್ತ ಅನುದಾನ ಮಕ್ಕಳ ಸಂಖ್ಯೆಯ ಮೇಲೆ: 31ರಿಂದ 100 ಮಕ್ಕಳಿದ್ದರೆ 25,000, 101ರಿಂದ 250 ಇದ್ದರೆ 50,000. ನಿಮ್ಮ ಶಾಲೆಯಲ್ಲಿ ಈಗ 80 ಮಕ್ಕಳಿದ್ದಾರೆ ಅಂದುಕೊಳ್ಳಿ, 38 ಸೇರಿದರೆ 118, ಅನುದಾನದ ಹಂತವೇ ಬದಲಾಗುತ್ತದೆ. ಆದರೆ ಯುಡೈಸ್ (ದೇಶದ ಎಲ್ಲ ಶಾಲೆಗಳ ವಾರ್ಷಿಕ ಮಾಹಿತಿ ಸಂಗ್ರಹ) ಎಣಿಕೆಯ ದಿನ ಸೆಪ್ಟೆಂಬರ್ 30. ಅಷ್ಟರೊಳಗೆ ಮಕ್ಕಳ ಹೆಸರು ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಏರಿರಬೇಕು. ಅಕ್ಟೋಬರ್‌ನಲ್ಲಿ ಸೇರಿದ ಮಗುವಿಗೆ ಪಾಠ ಉಂಟು, ಊಟ ಉಂಟು, ಆದರೆ ಮುಂದಿನ ವರ್ಷದ ಲೆಕ್ಕದಲ್ಲಿ ಅದು ಇರುವುದಿಲ್ಲ.

ಮೇಲಿನ 6,000 ಗರಿಷ್ಠ ಮಿತಿ ಮಾತ್ರ, ತಿಂಗಳಿಗೆ 500ರಂತೆ ತರಬೇತಿ ನಡೆದಷ್ಟು ತಿಂಗಳಿಗೆ ಲೆಕ್ಕ. 38 ಮಕ್ಕಳಿಗೆ ತಿಂಗಳಿಗೆ 19,000. ಅದರಲ್ಲೇ ಸ್ವಯಂಸೇವಕ ಶಿಕ್ಷಕರ ಗೌರವಧನ, ಕಲಿಕಾ ಸಾಮಗ್ರಿ ಎಲ್ಲ. ಇದು ಸಿಗಬೇಕಾದರೆ ಮಗುವಿನ ಹೆಸರು ‘ಶಾಲೆಯಿಂದ ಹೊರಗುಳಿದ ಮಕ್ಕಳು’ ಸಮೀಕ್ಷೆಯಲ್ಲಿ ಇರಬೇಕು. ಅಡಚಣೆ ಆಗುವುದು ಇಲ್ಲೇ. ಸಮೀಕ್ಷೆಗೆ ಬರುವವರು ಮನೆ ನಂಬರ್ ಹಿಡಿದು ಹೋಗುತ್ತಾರೆ, ಶೆಡ್ಡಿಗೆ ಮನೆ ನಂಬರ್ ಎಲ್ಲಿದೆ? ಹೀಗಾಗಿ ಇಡೀ ಸಾಲೇ ಬಿಟ್ಟುಹೋಗುತ್ತದೆ. ನೀವೇ ಪಟ್ಟಿ ಮಾಡಿಕೊಡಿ: ಮಗುವಿನ ಹೆಸರು, ವಯಸ್ಸು, ತಂದೆ ತಾಯಿ ಹೆಸರು, ಸ್ವಂತ ಊರು, ಕೊನೆಗೆ ಓದಿದ ತರಗತಿ ಮತ್ತು ಶಾಲೆ, ಮನೆಯಲ್ಲಿ ಆಡುವ ಭಾಷೆ, ಸೈಟಿನ ಹೆಸರು, ಮೇಸ್ತ್ರಿಯ ಫೋನ್, ಮೊಬೈಲ್ ಲೊಕೇಶನ್. ಮುಖ್ಯ ಶಿಕ್ಷಕರ ಸಹಿಯೊಂದಿಗೆ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಒಂದು ಪ್ರತಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು. ಎರಡಕ್ಕೂ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಜಿಲ್ಲಾ ವಾರ್ಷಿಕ ಯೋಜನೆ ಚಳಿಗಾಲದಲ್ಲೇ ತಯಾರಾಗುತ್ತದೆ, ಜೂನ್‌ನಲ್ಲಿ ಹೋಗಿ ಕೇಳಿದರೆ ಮುಂದಿನ ವರ್ಷವೇ ಗತಿ.

ದಾಸರಹಳ್ಳಿ ಮಂಜುಳ

ಮೇಷ್ಟ್ರು ಹೇಳಿದ್ದರ ಜೊತೆಗೆ ಸಾರಿಗೆ ವಿಷಯ ಸೇರಿಸುತ್ತೇನೆ. ನೆರೆಹೊರೆ ಶಾಲೆಯ ಮಿತಿ 1ರಿಂದ 5ನೇ ತರಗತಿಗೆ 1 ಕಿ.ಮೀ., 6ರಿಂದ 8ಕ್ಕೆ 3 ಕಿ.ಮೀ. ನಿಮ್ಮದು 2.4, ಅಂದರೆ ಸಣ್ಣ ಮಕ್ಕಳಿಗೆ ಮಿತಿ ಮೀರಿದೆ. ಸಾರಿಗೆ ಭತ್ಯೆಯ ಅರ್ಜಿಯಲ್ಲಿ ‘ದೂರವಿದೆ’ ಎಂದು ಬರೆದರೆ ಪ್ರಯೋಜನವಿಲ್ಲ. 1 ಕಿ.ಮೀ. ಒಳಗೆ ಶಾಲೆ ಇಲ್ಲವೆಂದು ನಕ್ಷೆ ಸಮೇತ ತೋರಿಸಿ, ರಸ್ತೆ ದಾಟುವ ಜಾಗದ ಫೋಟೊ ಇಡಿ, 1ರಿಂದ 5ರ ಮಕ್ಕಳ ಪಟ್ಟಿ ಬೇರೆ ಮಾಡಿ. ಅದು ಬಿಇಒ ಮೂಲಕ ಜಿಲ್ಲೆಯ ಡಿವೈಪಿಸಿಗೆ (ಉಪ ಯೋಜನಾ ಸಮನ್ವಯಾಧಿಕಾರಿ) ಹೋಗಬೇಕು. ಈ ಭತ್ಯೆಯ ಗರಿಷ್ಠ ಮಿತಿಯೂ ಮಗುವಿಗೆ ವರ್ಷಕ್ಕೆ 6,000 ರೂ.

ಮಂಜೂರಾದರೂ ದುಡ್ಡು ಕಂತಿನಲ್ಲಿ, ತಡವಾಗಿ ಬರುತ್ತದೆ. ವ್ಯಾನಿನವರು ಬಾಡಿಗೆಗೆ ಅಷ್ಟು ದಿನ ಕಾಯುವುದಿಲ್ಲ. ನಿಮ್ಮ 3 ಲಕ್ಷ ಇರಬೇಕಾದ್ದು ಈ ಸಂದಿಯನ್ನು ತುಂಬುವುದಕ್ಕೆ. ನಿಮಗೊಂದು ಅಂದಾಜು ಕೊಡುತ್ತೇನೆ: ವ್ಯಾನಿಗೆ ತಿಂಗಳಿಗೆ 15,000ದಂತೆ 10 ತಿಂಗಳಿಗೆ 1,50,000, ಶೆಡ್ಡಿನಲ್ಲೇ ಇರುವ ಇಬ್ಬರು ಹೆಂಗಸರಿಗೆ ತಲಾ 6,000ದಂತೆ 1,20,000, ಉಳಿದ 30,000 ಬ್ಯಾಗು, ನೋಟ್‌ಬುಕ್ಕು, ಚಪ್ಪಲಿ, ಸರ್ಕಾರದ ಪುಸ್ತಕ ಬರುವ ತನಕ ಜೆರಾಕ್ಸ್. ವ್ಯಾನಿನ ದರ ಇಳಿಸಲು ಒಂದು ದಾರಿ ಇದೆ. ಖಾಸಗಿ ಶಾಲೆಗಳ ವ್ಯಾನುಗಳು ಬೆಳಿಗ್ಗೆ ಒಂಬತ್ತರೊಳಗೆ ಖಾಲಿಯಾಗಿ ನಿಂತಿರುತ್ತವೆ, ಸರ್ಕಾರಿ ಶಾಲೆ ಶುರುವಾಗುವುದು ಅದಾದ ಮೇಲೆ. ಆ ವೇಳೆಗೆ ಎರಡು ಟ್ರಿಪ್ ಮಾತಾಡಿ. ಗೂಡ್ಸ್ ಗಾಡಿಯಲ್ಲಿ ಮಾತ್ರ ಮಕ್ಕಳನ್ನು ತುಂಬಬೇಡಿ, ಅಪಘಾತವಾದರೆ ವಿಮೆಯೂ ಸಿಗುವುದಿಲ್ಲ.

ಇಬ್ಬರು ಹೆಂಗಸರು ಯಾಕೆ ಅಂತ ಕೇಳಬಹುದು. ಒಬ್ಬರು ವ್ಯಾನಿನ ಜೊತೆ. ಇನ್ನೊಬ್ಬರು ಶೆಡ್ಡಿನಲ್ಲಿ ಕೂಸುಗಳನ್ನು ನೋಡಿಕೊಳ್ಳುವುದಕ್ಕೆ. ಇದನ್ನು ಬಿಟ್ಟರೆ ಮಿಕ್ಕ ಖರ್ಚೆಲ್ಲ ನೀರಲ್ಲಿ ಹೋಮ. ಬೆಳಿಗ್ಗೆ ಎಂಟಕ್ಕೆ ತಾಯಿ ಜಲ್ಲಿ ಬುಟ್ಟಿ ಹೊರಲು ಹೋದರೆ ಎಂಟು ತಿಂಗಳ ಕೂಸು ಒಂಬತ್ತು ವರ್ಷದ ಅಕ್ಕನ ಸೊಂಟಕ್ಕೆ ಬರುತ್ತದೆ. ವ್ಯಾನು ಬಾಗಿಲಿಗೆ ಬಂದು ನಿಂತರೂ ಆ ಹುಡುಗಿ ಹತ್ತುವುದಿಲ್ಲ. ಶೆಡ್ಡಿನಲ್ಲಿ ಯಾರ ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದೆ ಎಂದು ಮೊದಲು ಬರೆದುಕೊಳ್ಳಿ, ಶಾಲೆಗೆ ಹೋಗದ ಹೆಣ್ಣುಮಕ್ಕಳ ಪಟ್ಟಿಯನ್ನು ಅದರ ಪಕ್ಕ ಇಟ್ಟು ನೋಡಿ. ಕಾನೂನಿನ ಪ್ರಕಾರ ಇದು ಬಿಲ್ಡರ್ ಕರ್ತವ್ಯ: ಕಟ್ಟಡ ಕಾರ್ಮಿಕರ ಕಾಯ್ದೆ 1996ರ ಕಲಂ 35ರ ಪ್ರಕಾರ ಸಾಮಾನ್ಯವಾಗಿ 50ಕ್ಕಿಂತ ಹೆಚ್ಚು ಮಹಿಳೆಯರು ಕೆಲಸ ಮಾಡುವ ಕಡೆ ಶಿಶುಪಾಲನಾ ಕೊಠಡಿ ಇರಲೇಬೇಕಿತ್ತು, 2025ರ ನವೆಂಬರ್‌ನಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. 50 ಮೀರದಿದ್ದರೂ ಒಂದು ಗಟ್ಟಿ ಕೊಠಡಿ, ಫ್ಯಾನು, ಕುಡಿಯುವ ನೀರು ಇಷ್ಟನ್ನು ಕೇಳಿ. ಬಿಲ್ಡರ್ ಹತ್ತಿರ ದೇಣಿಗೆ ಕೇಳುವುದಕ್ಕಿಂತ ಇದನ್ನು ಕೇಳುವುದು ಮೇಲು.

ಲೆಕ್ಕದ ಗಿರೀಶ

ಕುಟುಂಬಕ್ಕೆ ನೇರವಾಗಿ ಬರಬಹುದಾದ ಹಣ ಎರಡು ಕಡೆ ಇದೆ.

ಮೊದಲನೆಯದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಅಲ್ಲಿಗೆ ಹೋಗುತ್ತದೆ. 18ರಿಂದ 60 ವರ್ಷದವರು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ನೋಂದಾಯಿಸಬಹುದು, ಹೊರ ರಾಜ್ಯದವರೂ ಕೂಡ. ನೋಂದಣಿ ಇದ್ದರೆ ಮಕ್ಕಳಿಗೆ ಶೈಕ್ಷಣಿಕ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಮೇಸ್ತ್ರಿ 90 ದಿನದ ಪ್ರಮಾಣ ಪತ್ರಕ್ಕೆ ಸಹಿ ಹಾಕಲು ಹಿಂಜರಿಯುತ್ತಾನೆ, ಕೆಲಸ ನಿಲ್ಲುವುದೇ ಅಲ್ಲಿ. ಸೈಟ್ ಎಂಜಿನಿಯರ್ ಮೂಲಕ ಎಲ್ಲರದ್ದನ್ನೂ ಒಂದೇ ದಿನ ಮಾಡಿಸಿ.

ಎರಡನೆಯದು ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ‘ಮಿಷನ್ ವಾತ್ಸಲ್ಯ’ದ ಪ್ರಾಯೋಜಕತ್ವ (ಮಗುವನ್ನು ಸಾಕಲು ಕುಟುಂಬಕ್ಕೆ ಕೊಡುವ ನೆರವು): ಮಗುವಿಗೆ ತಿಂಗಳಿಗೆ 4,000 ರೂ. ಬಾಲನ್ಯಾಯ ಕಾಯ್ದೆ 2015 ಮನೆ ಇಲ್ಲದ, ನೆಲೆ ಇಲ್ಲದ ಮಗುವನ್ನು ಪೋಷಣೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು ಎಂದೇ ಪರಿಗಣಿಸುತ್ತದೆ. ಆದಾಯ ಮಿತಿ ನಗರದಲ್ಲಿ ವರ್ಷಕ್ಕೆ 96,000, ಹಳ್ಳಿಯಲ್ಲಿ 72,000. ಗಂಡ ಹೆಂಡತಿ ಇಬ್ಬರೂ ಕೂಲಿ ಮಾಡುವ ಮನೆ ಈ ಮಿತಿ ದಾಟಿಬಿಡುತ್ತದೆ, ಆದ್ದರಿಂದ 38ಕ್ಕೂ ಹಾಕಲು ಹೋಗಬೇಡಿ. ಗಂಡ ತೀರಿಹೋದ, ಬಿಟ್ಟುಹೋದ ತಾಯಂದಿರು, ಅಜ್ಜಿ ಜೊತೆ ಇರುವ ಅನಾಥ ಮಕ್ಕಳು, ಇವರನ್ನು ಆರಿಸಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕರೆದುಕೊಂಡು ಹೋಗಿ. ಮಗುವನ್ನು ಹಾಸ್ಟೆಲಿಗೆ ಎತ್ತಿಕೊಂಡು ಹೋಗುತ್ತಾರೆ ಎಂಬ ಭಯ ತಾಯಂದಿರಿಗೆ ಇರುತ್ತದೆ. ಈ ಹಣ ಮಗು ಮನೆಯವರ ಜೊತೆಯಲ್ಲೇ ಇರಲಿ ಎಂದು ಕೊಡುವುದು ಅಂತ ಮೊದಲೇ ಬಿಡಿಸಿ ಹೇಳಿ.

ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಯಾದಗಿರಿ, ರಾಯಚೂರಿನವರು ಹಬ್ಬಕ್ಕೆ ಊರಿಗೆ ಹೋದಾಗ ನಾಡಕಚೇರಿಯಲ್ಲಿ ಮಾಡಿಸಿಕೊಂಡು ಬರಲಿ. ಹೊರ ರಾಜ್ಯದವರಿಗೆ ಈ ದಾರಿ ಹಿಡಿದು ಸಮಯ ಕಳೆಯಬೇಡಿ.

ವರ್ತೂರು ಬಳಗ

ತುಂಬಾ ಉಪಕಾರವಾಯಿತು. ಎರಡು ಅನುಮಾನ. ಆಧಾರ್ ಇಲ್ಲದಿದ್ದರೆ ಸ್ಯಾಟ್ಸ್‌ಗೆ ಸೇರಿಸಲು ಆಗಲ್ಲ ಅಂತ ಒಬ್ಬರು ಹೇಳಿದರು. ಮತ್ತೆ, ಜನವರಿಯಲ್ಲಿ ಹದಿನೈದು ಕುಟುಂಬ ಬೇರೆ ಸೈಟಿಗೆ ಹೋಗಬಹುದು, ಆ ಮಕ್ಕಳದ್ದು ಏನು?

ಕ್ಲಸ್ಟರ್ ಮೇಷ್ಟ್ರು

ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ನೇರ ಖಾತೆಗೆ ಬರುವ ಹಣಕ್ಕೆ ಬೇಕಾಗುತ್ತದೆ, ಆದ್ದರಿಂದ ಮೊದಲು ದಾಖಲು ಮಾಡಿ, ಆಮೇಲೆ ಆಧಾರ್ ಮಾಡಿಸಿ. ಹೆಸರಿನ ಕಾಗುಣಿತ ಎರಡರಲ್ಲೂ ಒಂದೇ ಇರಲಿ. ‘ಬಸಮ್ಮ’, ‘ಬಸವ್ವ’ ಆದರೆ ಹಣ ವಾಪಸ್ ಹೋಗುತ್ತದೆ.

ಊರಿನ ಶಾಲೆಯಲ್ಲಿ ಹಿಂದೆ ಓದಿದ ಮಗುವಿಗೆ ಹೊಸ ಸ್ಯಾಟ್ಸ್ ಸಂಖ್ಯೆ ಸೃಷ್ಟಿಸಬೇಡಿ. ಎರಡು ಸಂಖ್ಯೆ ಆದರೆ ಎಸ್‌ಎಸ್‌ಎಲ್‌ಸಿ ನೋಂದಣಿ ತನಕ ಗೋಳು ತಪ್ಪಲ್ಲ. ಹಳೆ ಶಾಲೆಗೆ ಫೋನ್ ಮಾಡಿ ಸಂಖ್ಯೆ ಕೇಳಿ, ವರ್ಗಾವಣೆ ಕೋರಿಸಿ. ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ಕಲಂ 5.

ಹೋಗುವ ಮಕ್ಕಳಿಗೆ ಅಂಗೈ ಅಗಲದ ಒಂದು ಲ್ಯಾಮಿನೇಟ್ ಕಾರ್ಡ್ ಮಾಡಿಕೊಡಿ: ಹೆಸರು, ಹುಟ್ಟಿದ ದಿನ, ಸ್ಯಾಟ್ಸ್ ಸಂಖ್ಯೆ, ತರಗತಿ, ಶಾಲೆಯ ಹೆಸರು ಮತ್ತು ಯುಡೈಸ್ ಕೋಡ್, ಮುಖ್ಯ ಶಿಕ್ಷಕಿಯ ಫೋನ್. ಹಿಂಬದಿಯಲ್ಲಿ ಓದಲು, ಲೆಕ್ಕ ಮಾಡಲು ಎಷ್ಟು ಬರುತ್ತದೆ ಎಂದು ಎರಡು ಸಾಲು. ಹೊರಡುವ ವಾರದಲ್ಲಿ ಗಡಿಬಿಡಿ ಬೇಡ, ಸೇರಿದ ತಿಂಗಳೇ ಕೊಟ್ಟುಬಿಡಿ, ಮೇಸ್ತ್ರಿ ಹೇಳಿದ ರಾತ್ರಿಯೇ ಅವರು ಗಂಟುಮೂಟೆ ಕಟ್ಟುತ್ತಾರೆ.

ದಾಸರಹಳ್ಳಿ ಮಂಜುಳ

15ರಿಂದ 17ರ ಐವರ ಬಗ್ಗೆ ಯಾರೂ ಹೇಳಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ ನಿಲ್ಲುತ್ತದೆ, ಆದರೆ ದಾರಿ ಇದೆ. 14 ತುಂಬಿದವರು ರಾಷ್ಟ್ರೀಯ ಮುಕ್ತ ಶಾಲೆ ಮೂಲಕ ಹತ್ತನೆಯದು ಬರೆಯಬಹುದು. ಪರಿಶಿಷ್ಟ ಜಾತಿ, ಪಂಗಡದ ಅಥವಾ ಅಂಗವಿಕಲ ಮಕ್ಕಳು 16ರಿಂದ 19ರವರಾದರೆ ಇದಕ್ಕೆ ಸಮಗ್ರ ಶಿಕ್ಷಣದಲ್ಲಿ ತರಗತಿಗೆ 2,000 ರೂ.ವರೆಗೆ ನೆರವು ಇದೆ. ಪಠ್ಯಕ್ಕಿಂತ ಸಂಜೆ ದೀಪ ಇರುವ ಜಾಗ, ಕಲಿಸುವ ಒಬ್ಬರು, ಇವು ಹೆಚ್ಚು ಮುಖ್ಯ. ನಿವಾಸಿಗಳ ಸಂಘದವರು ಕ್ಲಬ್‌ಹೌಸಿನ ಒಂದು ಮೂಲೆಯನ್ನು ಸಂಜೆ ಏಳರಿಂದ ಒಂಬತ್ತರ ತನಕ ಬಿಟ್ಟುಕೊಟ್ಟರೆ ಸಾಕು. ಆ ಐವರಲ್ಲಿ ಆರರಿಂದ ಹತ್ತನೇ ತರಗತಿಗೆ ಮರಳಬಲ್ಲ ಹುಡುಗಿಯರಿದ್ದರೆ ಕಸ್ತೂರಬಾ ಬಾಲಿಕಾ ವಿದ್ಯಾಲಯದಲ್ಲಿ ಸೀಟು ಇದೆಯೇ ಎಂದು ಬಿಇಒ ಕಚೇರಿಯಲ್ಲಿ ಇದೇ ವಾರ ಕೇಳಿ. ಊಟ, ವಸತಿ ಉಚಿತ, ತಾಯಿ ತಂದೆ ಸೈಟ್ ಬದಲಿಸಿದರೂ ಹುಡುಗಿಯ ಓದು ನಿಲ್ಲುವುದಿಲ್ಲ.