ಬ್ರೀಫ್ ಕೋಪ್ ಮೊತ್ತ ಏರಿದಷ್ಟೂ ಆತಂಕವೂ ಏರುತ್ತಿದೆ: ತಪ್ಪೆಲ್ಲಿ?

ಪ್ರಶ್ನೆ
ಸ್ನಾತಕೋತ್ತರ ಪ್ರಬಂಧಕ್ಕೆ ವಿದ್ಯಾರ್ಥಿಗಳಿಂದ ಮೂರು ಪ್ರಶ್ನಾವಳಿ ತುಂಬಿಸಿದ್ದೇನೆ: ಒತ್ತಡಕ್ಕೆ ಪಿಎಸ್‌ಎಸ್-10, ಆತಂಕಕ್ಕೆ ಜಿಎಡಿ-7, ನಿಭಾಯಿಸುವ ಬಗೆ ತಿಳಿಯಲು ಬ್ರೀಫ್ ಕೋಪ್. ಕೋಪ್‌ನ 28 ಪ್ರಶ್ನೆಗಳ ಅಂಕ ಕೂಡಿಸಿದರೆ, ಮೊತ್ತ ಹೆಚ್ಚಿದ್ದವರಲ್ಲೇ ಆತಂಕವೂ ಹೆಚ್ಚು. ಚೆನ್ನಾಗಿ ನಿಭಾಯಿಸುವವರಿಗೆ ಆತಂಕ ಕಡಿಮೆ ಇರಬೇಕಲ್ಲವೇ? ಜೊತೆಗೆ ಪಿಎಸ್‌ಎಸ್‌ನ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ತೀರ ಕೆಳಗಿದೆ. ಕೆಲವು ಪ್ರಶ್ನೆಗಳನ್ನು ಕೈಬಿಡಬಹುದೇ?

ಉತ್ತರ 1
ಬ್ರೀಫ್ ಕೋಪ್ ಮೊತ್ತವನ್ನು ಮೊದಲು ಅಳಿಸಿ. 1997ರಲ್ಲಿ ಮನೋವಿಜ್ಞಾನಿ ಕಾರ್ವರ್ ರೂಪಿಸಿದ ಈ ಪ್ರಶ್ನಾವಳಿಯಲ್ಲಿ 14 ಉಪಮಾಪನಗಳಿವೆ (ಒಂದೊಂದು ಬಗೆಯನ್ನು ಅಳೆಯುವ ಚಿಕ್ಕ ಗುಂಪುಗಳು), ಒಂದೊಂದಕ್ಕೆ ಎರಡೇ ಪ್ರಶ್ನೆ. ಯೋಜನೆ ಹಾಕುವುದೂ ಇದೆ, ಮಾದಕ ವಸ್ತುವಿನ ಮೊರೆ ಹೋಗುವುದೂ ಇದೆ. ಒಪ್ಪಿಕೊಳ್ಳುವುದೂ ಇದೆ, ನಿರಾಕರಿಸುವುದೂ ಇದೆ. ಇವನ್ನೆಲ್ಲ ಕೂಡಿಸಿದರೆ ಸಿಗುವುದು ‘ಎಷ್ಟು ಚೆನ್ನಾಗಿ ನಿಭಾಯಿಸಿದರು’ ಎಂಬುದಲ್ಲ, ‘ಎಷ್ಟು ಬಗೆಯಲ್ಲಿ ಒದ್ದಾಡಿದರು’ ಎಂಬುದು. ಹೆಚ್ಚು ಕಷ್ಟದಲ್ಲಿರುವವರು ಸಹಜವಾಗಿಯೇ ಹೆಚ್ಚು ದಾರಿ ಹುಡುಕುತ್ತಾರೆ. ಹಾಗಾಗಿ ನಿಮಗೆ ಬಂದ ಫಲಿತಾಂಶ ವಿಚಿತ್ರವೇನಲ್ಲ.

ಸ್ವನಿಂದೆಯ ಪ್ರಶ್ನೆಗಳನ್ನು (13 ಮತ್ತು 26) ಬೇರೆಯಾಗಿಯೇ ನೋಡಿ. ತನ್ನನ್ನು ತಾನೇ ಹಳಿದುಕೊಳ್ಳುವುದು ನಿಭಾಯಿಸುವ ಬಗೆಯೋ ಸಂಕಟದ ಲಕ್ಷಣವೋ ಎಂದು ಗೆರೆ ಎಳೆಯುವುದು ಕಷ್ಟ. ಆತಂಕದ ಜೊತೆ ಅದರ ಸಹಸಂಬಂಧ (ಎರಡೂ ಒಟ್ಟಿಗೆ ಏರಿಳಿಯುವ ಮಟ್ಟ) ಜೋರಾಗಿ ಬಂದರೆ, ಒಂದು ಪಾಲು ಎರಡೂ ಹೀಗೆ ಒಂದರೊಳಗೊಂದು ಬೆರೆತಿರುವುದರಿಂದಲೇ ಬಂದಿರಬಹುದು.

ಉತ್ತರ 2
ಪಿಎಸ್‌ಎಸ್ ಬಗ್ಗೆ: ಒಂದು ಪ್ರಶ್ನೆಯನ್ನೂ ತೆಗೆಯಬೇಡಿ. 4, 5, 7, 8ನೇ ಪ್ರಶ್ನೆಗಳು ಸಕಾರಾತ್ಮಕ ಧಾಟಿಯವು; ಅವುಗಳ ಅಂಕವನ್ನು ತಿರುಗಿಸಬೇಕು. ಅಂಕ 0ಯಿಂದ 4ರವರೆಗೆ ಇರುವುದರಿಂದ, ಬಂದ ಅಂಕವನ್ನು 4ರಿಂದ ಕಳೆಯಿರಿ. ತಿರುಗಿಸಿದ್ದೀರಾ ಎಂಬ ಅನುಮಾನವಿದ್ದರೆ, ಈ ನಾಲ್ಕನ್ನು ಉಳಿದ ಆರರ ಜೊತೆ ಹೋಲಿಸಿ. ಸಹಸಂಬಂಧ ಋಣಾತ್ಮಕವಾಗಿದ್ದರೆ ಇನ್ನೂ ತಿರುಗಿಲ್ಲ, ಇಲ್ಲವೇ ಎರಡು ಸಲ ತಿರುಗಿ ಮೊದಲಿನ ಜಾಗಕ್ಕೇ ಬಂದಿದೆ. ಹೊಸ ಅಂಕವನ್ನು ಹಳೆಯ ಕಾಲಂ ಮೇಲೆಯೇ ಬರೆದಾಗ ಈ ಎರಡನೆಯ ಎಡವಟ್ಟು ಆಗುತ್ತದೆ. ಹೊಸ ಹೆಸರಿನ ಕಾಲಂ ಮಾಡಿಕೊಳ್ಳಿ.

ಕೋಪ್‌ನ ಎರಡು ಪ್ರಶ್ನೆಗಳ ಉಪಮಾಪನಗಳಿಗೆ ಆಲ್ಫಾ ಬದಲು ಸ್ಪಿಯರ್‌ಮನ್-ಬ್ರೌನ್ ಸೂತ್ರದ ಬೆಲೆ ಕೊಡಿ: ಆ ಎರಡು ಪ್ರಶ್ನೆಗಳ ನಡುವಿನ ಸಹಸಂಬಂಧದ ಎರಡರಷ್ಟನ್ನು, ಅದೇ ಸಹಸಂಬಂಧಕ್ಕೆ 1 ಕೂಡಿಸಿ ಬಂದದ್ದರಿಂದ ಭಾಗಿಸುವುದು. ಸಹಸಂಬಂಧ 0.5 ಇದ್ದರೆ ವಿಶ್ವಾಸಾರ್ಹತೆ 0.67.

ಪ್ರಶ್ನೆ ಕೇಳಿದವರು
ತಿರುಗಿಸಿರಲಿಲ್ಲ, ಈಗ ಸರಿಯಾಯಿತು. ಧನ್ಯವಾದ. 14 ಉಪಮಾಪನಗಳನ್ನು ‘ಸಮಸ್ಯೆ ಕೇಂದ್ರಿತ’, ‘ಭಾವನೆ ಕೇಂದ್ರಿತ’ ಎಂದು ಎರಡು ಗುಂಪು ಮಾಡಬಹುದೇ?

ಉತ್ತರ 3
ಕಣ್ಣಳತೆಯಲ್ಲಿ ಬೇಡ. ಹಾಸ್ಯ, ಧರ್ಮದ ಆಸರೆ, ನಿರಾಕರಣೆ ಮೂರೂ ‘ಭಾವನೆ ಕೇಂದ್ರಿತ’ದೊಳಗೆ ಸೇರಿ, ಕಲಸುಮೇಲೋಗರ ಮತ್ತೆ ಶುರುವಾಗುತ್ತದೆ. ನಿಮ್ಮ ದತ್ತಾಂಶದ ಮೇಲೆಯೇ ಅಂಶ ವಿಶ್ಲೇಷಣೆ (ಜೊತೆಜೊತೆಗೆ ಏರಿಳಿಯುವ ಪ್ರಶ್ನೆಗಳನ್ನು ಗುಂಪುಗೂಡಿಸುವ ಲೆಕ್ಕಾಚಾರ) ನಡೆಸಿ ಗುಂಪು ಕಂಡುಕೊಳ್ಳಿ ಎನ್ನುವುದು ಕಾರ್ವರ್ ಅವರದೇ ಸಲಹೆ. ಮಾದರಿ ಚಿಕ್ಕದಿದ್ದರೆ, ಸಂಶೋಧನಾ ಪ್ರಶ್ನೆಗೆ ಬೇಕಾದ ನಾಲ್ಕೈದು ಉಪಮಾಪನಗಳನ್ನಷ್ಟೇ ಆರಿಸಿ, ಏಕೆಂದು ಬರೆಯಿರಿ. ಹದಿನಾಲ್ಕನ್ನೂ ಆತಂಕದ ಜೊತೆ ಒಂದೊಂದಾಗಿ ಪರೀಕ್ಷಿಸಿದರೆ ಯಾವುದಾದರೂ ಒಂದು ಆಕಸ್ಮಿಕವಾಗಿ ‘ಗಣನೀಯ’ ಎಂದು ಬಂದೇ ಬರುವ ಸಂಭವ ಹೆಚ್ಚು.

ಅಳೆದ ಸಮಯವೂ ಮುಖ್ಯ, ಇದನ್ನು ಬಹಳ ಜನ ಮರೆಯುತ್ತಾರೆ. ಪಿಎಸ್‌ಎಸ್ ಕಳೆದ ಒಂದು ತಿಂಗಳನ್ನು ಕೇಳುತ್ತದೆ, ಜಿಎಡಿ-7 ಕಳೆದ ಎರಡು ವಾರಗಳನ್ನು. ಅಷ್ಟರಲ್ಲಿ ಪರೀಕ್ಷೆ ಬಂದುಹೋಗಿದ್ದರೆ ಎರಡೂ ಬೇರೆ ಬೇರೆ ಕಥೆ ಹೇಳುತ್ತವೆ. ಫೋಕ್‌ಮನ್ ಮತ್ತು ಲಾಜರಸ್ ಎಂಬ ಮನೋವಿಜ್ಞಾನಿಗಳು 1985ರಲ್ಲಿ ವಿದ್ಯಾರ್ಥಿಗಳನ್ನು ಮೂರು ಹಂತಗಳಲ್ಲಿ ಅಳೆದರು: ಪರೀಕ್ಷೆಗೆ ಮುನ್ನ, ಅಂಕ ಕಾಯುವಾಗ, ಅಂಕ ಬಂದ ಮೇಲೆ. ಸಮಸ್ಯೆಗೆ ನೇರವಾಗಿ ಕೈಹಾಕುವ ಬಗೆ ಪರೀಕ್ಷೆಗೆ ಮುನ್ನ ಹೆಚ್ಚಿತ್ತು. ಕಾಯುವಾಗ, ಮಾಡಲು ಏನೂ ಉಳಿದಿಲ್ಲದಿದ್ದಾಗ, ಮನಸ್ಸನ್ನು ದೂರ ಇಡುವ ಬಗೆ ಮೇಲೆ ಬಂತು. ನಿಮ್ಮದು ಒಂದೇ ಸಲದ ಅಳತೆ. ಆದ್ದರಿಂದ ‘ಈ ಬಗೆ ಆತಂಕ ತಗ್ಗಿಸಿತು’ ಎಂದು ಬರೆಯಲಾಗದು, ‘ಜೊತೆಜೊತೆಗೆ ಕಂಡುಬಂತು’ ಎನ್ನಬಹುದು, ಅಷ್ಟೇ. ಪರೀಕ್ಷೆಗೆ ಎಷ್ಟು ದಿನ ಇರುವಾಗ ತುಂಬಿಸಿದಿರಿ ಎಂಬುದನ್ನೂ ವಿಧಾನದ ಭಾಗದಲ್ಲಿ ನಮೂದಿಸಿ.

ಉತ್ತರ 2 (ಸೇರ್ಪಡೆ)
ಪಿಎಸ್‌ಎಸ್‌ಗೆ ರೋಗನಿರ್ಣಯದ ಗಡಿ ಅಂಕವಿಲ್ಲ. ಜಿಎಡಿ-7ಕ್ಕೆ 5 (ಅಲ್ಪ), 10 (ಮಧ್ಯಮ), 15 (ತೀವ್ರ) ಎಂಬ ಗಡಿಗಳಿವೆ, ಆದರೆ 10 ಅಥವಾ ಅದಕ್ಕಿಂತ ಹೆಚ್ಚು ಬಂದವರೆಲ್ಲ ರೋಗಿಗಳು ಎಂದಲ್ಲ. ತಜ್ಞರ ಮೌಲ್ಯಮಾಪನ ಬೇಕು ಎಂದರ್ಥ. ಅಂಥವರಿಗೆ ಆಪ್ತಸಮಾಲೋಚಕರ ಮಾಹಿತಿ ತಲುಪಿಸುವ ವ್ಯವಸ್ಥೆ ಇನ್ನೂ ಮಾಡಿಲ್ಲದಿದ್ದರೆ, ವಿಶ್ಲೇಷಣೆಗಿಂತ ಮೊದಲು ಅದನ್ನು ಮಾಡಿ.