ಗಿಯರ್ ಬೈಕ್ ಕಲಿಕೆ, ಡಿಎಲ್ ಟೆಸ್ಟ್, ಇನ್ಶೂರೆನ್ಸ್ ರಿಯಾಯಿತಿ: ನಿಮ್ಮ ಅನುಭವ ಹೇಳಿ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಗಿಯರ್ ಇಲ್ಲದ ಸ್ಕೂಟರಿನ ಲೈಸೆನ್ಸ್ ಇದೆ. ನಮ್ಮ ಮನೆಯವರಿಗೆ ಕಲಬುರಗಿಗೆ ವರ್ಗವಾಗಿದೆ. ಅವರ 350 ಬೈಕ್ ಶಿವಮೊಗ್ಗದ ಮನೆಯಲ್ಲಿ ಸುಮ್ನೆ ನಿಂತಿದೆ. ಇನ್ಶೂರೆನ್ಸ್ ಮುಗಿದು ಎರಡು ತಿಂಗಳ ಮೇಲಾಯ್ತು. ನಾನೇ ಕಲಿತು ಓಡಿಸೋಣ ಅಂತಿದ್ದೇನೆ. ಬೈಕ್ ಸರಿಯಾಗಿ ಕಲಿಸುವವರು ಇದ್ದಾರಾ? ಟೆಸ್ಟ್ ಕಷ್ಟವಾ? ತರಬೇತಿಯ ಸರ್ಟಿಫಿಕೇಟ್ ತೋರಿಸಿದರೆ ಇನ್ಶೂರೆನ್ಸ್ ಕಡಿಮೆ ಮಾಡುತ್ತಾರಾ?

ಮಲೆನಾಡ್_ಸವಾರ:
ಡ್ರೈವಿಂಗ್ ಸ್ಕೂಲ್ ಅಂತ ನಂಬಿ ಹೋಗಬೇಡಿ ಮೇಡಂ. ನಮ್ಮ ಪೇಟೆಯ ಒಂದು ಸ್ಕೂಲಿನವರು ಬೈಕ್ ಪ್ಯಾಕೇಜ್ ಅಂತ ನನ್ನಿಂದ 5,500 ತಗೊಂಡರು. ಇದರಲ್ಲಿ ಸರ್ಕಾರಕ್ಕೆ ಹೋಗುವುದೆಷ್ಟು? ಎಲ್‌ಎಲ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ 150, ಅದರ ಪರೀಕ್ಷೆಗೆ 50, ಡಿಎಲ್ ಟೆಸ್ಟಿಗೆ 300, ಡಿಎಲ್‌ಗೆ 200. ಒಟ್ಟು 700. ಉಳಿದ 4,800 ಕಲಿಸುವುದಕ್ಕೆ ಅಂದುಕೊಂಡೆ. ಅವರು ಕಲಿಸಿದ್ದು ಟೆಸ್ಟಿನ ಎಂಟು ಹಾಕುವುದು, ಅಂದರೆ 8ರ ಆಕಾರದಲ್ಲಿ ಗಾಡಿ ಸುತ್ತಿಸುವುದು ಮಾತ್ರ. ಅದೂ ಅವರದೇ ಹಳೆಯ 100 ಸಿಸಿ ಗಾಡಿಯಲ್ಲಿ. ರಸ್ತೆಗೆ ಒಂದು ದಿನವೂ ಕರೆದುಕೊಂಡು ಹೋಗಲಿಲ್ಲ. ಎರಡನೇ ಗಿಯರ್ ದಾಟಲು ಬಿಡಲಿಲ್ಲ. ಟೆಸ್ಟ್ ದಿನ ಆ ಗಾಡಿಯ ಕ್ಲಚ್ ಕೇಬಲ್ ಸಡಿಲವಾಗಿತ್ತು. ಎಂಟರ ಎರಡನೇ ಸುತ್ತಿನಲ್ಲಿ ಗಾಡಿ ಆಫ್ ಆಯ್ತು, ಕಾಲು ಊರಬೇಕಾಯ್ತು, ಬ್ರೇಕ್ ಇನ್‌ಸ್ಪೆಕ್ಟರ್ ಫೇಲ್ ಅಂದರು. ಮತ್ತೆ ಟೆಸ್ಟಿಗೆ 300 ಕಟ್ಟಿದೆ. ಸ್ಕೂಲಿನವರು ಗಾಡಿ ಬಾಡಿಗೆ ಅಂತ ಇನ್ನೂ 400 ಕೇಳಿದರು. ಕೇಬಲ್ ಬದಲಿಸುವುದಕ್ಕೆ ಅಷ್ಟು ದುಡ್ಡು ಬೇಕಾ?

ಹಳೇ_ಕ್ಲಚ್:
ಸ್ಕೂಲಿಗೆ ದುಡ್ಡು ಸುರಿದು ಆಮೇಲೆ ಅಳುವುದು ಯಾಕೆ ಅಂತ! ನನ್ನ ಇಬ್ಬರು ಹೆಣ್ಣುಮಕ್ಕಳಿಗೂ ನಾನೇ ಕಲಿಸಿದ್ದೇನೆ. ಭಾನುವಾರ ಬೆಳಿಗ್ಗೆ ಕಾಲೇಜ್ ಮೈದಾನ, ನಮ್ಮದೇ ಗಾಡಿ, ನಾಲ್ಕು ಇಟ್ಟಿಗೆ. ಇಷ್ಟೇ ಬೇಕಾಗಿದ್ದು. ಮೊದಲ ವಾರ ಎಕ್ಸಲರೇಟರ್ ಮುಟ್ಟಲೇಬಾರದು. ಬರೀ ಕ್ಲಚ್ ಬಿಟ್ಟು ಗಾಡಿ ತಾನಾಗಿ ಎಲ್ಲಿ ಹೊರಡುತ್ತದೆ ಅಂತ ಕೈಗೆ ಗೊತ್ತಾಗಬೇಕು. ಎಂಟು ಹಾಕುವಾಗ ಕ್ಲಚ್ ಅರ್ಧ, ಹಿಂದಿನ ಬ್ರೇಕ್ ಮೇಲೆ ಕಾಲು ಹಗುರವಾಗಿ, ಕಣ್ಣು ತಿರುವಿನ ಆಚೆಗೆ. ಮುಂದಿನ ಚಕ್ರ ನೋಡಿದವರು ಬಿದ್ದೇ ಬೀಳುತ್ತಾರೆ. ದೊಡ್ಡವಳು ಇವತ್ತು ದಾವಣಗೆರೆಯಿಂದ ಒಬ್ಬಳೇ ಬೈಕಿನಲ್ಲಿ ಬರುತ್ತಾಳೆ. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಒಂದು ವಿಷಯ ಮರೆಯಬೇಡಿ. ಎಲ್‌ಎಲ್‌ನಲ್ಲಿ ಓಡಿಸುವಾಗ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವ ಹಾಗಿಲ್ಲ. ಸ್ಕೂಟರ್ ಲೈಸೆನ್ಸ್ ಇದ್ದರೂ ಗಿಯರ್ ಗಾಡಿಗೆ ಬೇರೆ ಎಲ್‌ಎಲ್ ಬೇಕೇ ಬೇಕು.

ಟ್ರ್ಯಾಕ್_ದಿನ:
ಮೈದಾನದಲ್ಲಿ ಇಟ್ಟಿಗೆ ಸುತ್ತಿದವರಿಗೆ 60ರ ವೇಗದಲ್ಲಿ ನಾಯಿ ಅಡ್ಡ ಬಂದರೆ ಏನು ಮಾಡಬೇಕು ಅಂತ ಗೊತ್ತಿರುವುದಿಲ್ಲ. ನಮ್ಮ ಟೆಸ್ಟಿನ ದೊಡ್ಡ ಕೊರತೆ ಇದೇ. ಎಂಟು ಹಾಕಿಸುತ್ತಾರೆ, ಬ್ರೇಕ್ ಹಾಕಿಸಿ ನೋಡುವುದಿಲ್ಲ. ನಾನು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗಿ ಕಲಿತೆ. ಹೌದು, ಖರ್ಚಾಯ್ತು. ಶುಲ್ಕ 28,000. ಟೆಂಪೊದಲ್ಲಿ ಬೈಕ್ ಸಾಗಿಸಿದ್ದು 9,000. ಲೆದರ್ ಸೂಟ್ ಬಾಡಿಗೆ 3,500. ರೂಮು, ಪೆಟ್ರೋಲು ಬೇರೆ. ವಾಪಸ್ ಬಂದಮೇಲೆ ಹಿಂದಿನ ಟೈರ್ 6,800. ಒಂದು ರೂಪಾಯಿಗೂ ಬೇಸರವಿಲ್ಲ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುತ್ತದೆ, ಗಾಡಿ ನಿಲ್ಲಿಸುವುದು ಮುಂದಿನ ಬ್ರೇಕೇ ಅಂತ ಮೈಗೆ ಹತ್ತಿದ್ದು ಅಲ್ಲಿ. ನಮ್ಮೂರಲ್ಲಿ ಮಕ್ಕಳಿಗೆ "ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ" ಅಂತ ಹೆದರಿಸಿ ಹಿಂದಿನದನ್ನೇ ತುಳಿಯಲು ಕಲಿಸುತ್ತಾರೆ. ಚಕ್ರ ಜಾಮ್ ಆಗಿ ಗಾಡಿ ಜಾರುತ್ತದೆ.

ಹಳೇ_ಕ್ಲಚ್:
ನಾನು ಮುಂದಿನ ಬ್ರೇಕ್ ಬೇಡ ಅಂತ ಎಲ್ಲಿ ಹೇಳಿದೆ? ಬರೆದದ್ದನ್ನು ಓದಿ ಮಾತಾಡಿ. ಆ ಅಮ್ಮ ಕೇಳಿದ್ದು ತರಕಾರಿ ತರುವುದಕ್ಕೆ, ಆಫೀಸಿಗೆ ಹೋಗುವುದಕ್ಕೆ. ರೇಸಿಗಲ್ಲ. ಟ್ರ್ಯಾಕಿನಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ, ಮರಳಿರುವುದಿಲ್ಲ, ಹಂಪ್ ಇರುವುದಿಲ್ಲ. ನಲವತ್ತೇಳು ಸಾವಿರ ಖರ್ಚು ಮಾಡಿ ಆಗುಂಬೆ ಘಾಟಿಯಲ್ಲಿ ಮಳೆಗಾಲದಲ್ಲಿ ಇಳಿಯುವುದು ಕಲಿತಿರಾ?

ಟ್ರ್ಯಾಕ್_ದಿನ:
ಹೌದು, ಈಗ ಧೈರ್ಯವಾಗಿ ಇಳಿಯುತ್ತೇನೆ. ತಿರುವಿನ ಒಳಗೆ ಬ್ರೇಕ್ ಹಾಕಬಾರದು, ಮೊದಲೇ ವೇಗ ಇಳಿಸಬೇಕು ಅನ್ನುವುದು ಟ್ರ್ಯಾಕಿಗೂ ಒಂದೇ, ಆಗುಂಬೆಗೂ ಒಂದೇ. ನಿಮ್ಮ ಮಗಳ ಬೈಕಿನಲ್ಲಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇದೆಯಾ ಮೊದಲು ನೋಡಿ. 125 ಸಿಸಿ ಮೇಲಿನ ಹೊಸ ಗಾಡಿಗಳಿಗೆಲ್ಲ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯದಾದರೆ ಬ್ರೇಕ್ ಅಭ್ಯಾಸ ಇನ್ನೂ ಜಾಸ್ತಿ ಬೇಕು.

ಹಳೇ_ಕ್ಲಚ್:
ನನ್ನ ಮಗಳ ವಿಷಯ ನಿಮಗೆ ಬೇಡ.

ಫ್ರೀಮಾಂಟ್_ಕನ್ನಡತಿ:
ತುಂಗಾತೀರ ಅಕ್ಕಾ, ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ 21 ವರ್ಷದೊಳಗಿನವರಿಗೆ ತರಬೇತಿ ಕಡ್ಡಾಯ. ನನಗೆ ಕಡ್ಡಾಯವಿರಲಿಲ್ಲ, ಆದರೂ ಸೇರಿದೆ. ಕಾರಣ ಇಲ್ಲಿನ ಡಿಎಂವಿ (ನಮ್ಮ ಆರ್‌ಟಿಒ ಇದ್ದ ಹಾಗೆ) ಟೆಸ್ಟ್. ನೆಲದ ಮೇಲೆ ಲಾಲಿಪಾಪ್ ಆಕಾರದ ಗೆರೆ ಎಳೆದಿರುತ್ತಾರೆ. ಆ ಕಿರಿದಾದ ವೃತ್ತದೊಳಗೆ ನಿಧಾನವಾಗಿ ಸುತ್ತಬೇಕು. ಭಾರದ ಬೈಕ್ ತಂದವರು ಅಲ್ಲೇ ಫೇಲ್. ಕೋರ್ಸ್ ಪಾಸಾದರೆ ಡಿಎಲ್ 389 ಅನ್ನುವ ಸರ್ಟಿಫಿಕೇಟ್ ಕೊಡುತ್ತಾರೆ, ಆ ಟೆಸ್ಟ್ ಇರುವುದಿಲ್ಲ. ಬರೆಯುವ ಪರೀಕ್ಷೆ ಮಾತ್ರ ಕೊಡಲೇಬೇಕು. ಬೈಕ್, ಹೆಲ್ಮೆಟ್ ಅವರದೇ.

ನನ್ನ ಸಿಟ್ಟು ಇನ್ನೂ ಹೋಗಿಲ್ಲ. ಎರಡನೇ ದಿನ ತೇವದ ನೆಲದಲ್ಲಿ ಗಾಡಿ ಬಿತ್ತು. ಏಟಾಗಿರಲಿಲ್ಲ. ಆದರೂ ಕಲಿಸುವವರು ಮನೆಗೆ ಕಳಿಸಿಬಿಟ್ಟರು. ಕಟ್ಟಿದ ಸುಮಾರು 400 ಡಾಲರಿನಲ್ಲಿ ಒಂದು ಸೆಂಟೂ ವಾಪಸ್ ಬರಲಿಲ್ಲ. ಬೇರೆ ಕಡೆ ಮತ್ತೆ ಪೂರ್ತಿ ಕಟ್ಟಿ ಮುಗಿಸಿದೆ. ಇನ್ಶೂರೆನ್ಸ್ ಕಂಪನಿ ಸರ್ಟಿಫಿಕೇಟ್ ನೋಡಿ ಪ್ರೀಮಿಯಂ ಇಳಿಸಿತು. ಆದರೆ ಎರಡನೇ ಸಲ ಕಟ್ಟಿದ್ದು ಆ ರಿಯಾಯಿತಿಯಲ್ಲಿ ಹುಟ್ಟುವುದಕ್ಕೆ ವರ್ಷಗಳೇ ಬೇಕು.

ಬೆಣ್ಣೆದೋಸೆ_ಬೈಕರ್:
ಇಷ್ಟೆಲ್ಲ ಯಾಕೆ? 2024ರ ಜೂನ್ 1ರಿಂದ ಆರ್‌ಟಿಒ ಟೆಸ್ಟೇ ಇಲ್ಲ. ಡ್ರೈವಿಂಗ್ ಸ್ಕೂಲಿನವರೇ ಪಾಸ್ ಮಾಡುತ್ತಾರೆ. ನನಗೆ ವಾಟ್ಸಾಪಿನಲ್ಲಿ ಬಂದಿತ್ತು.

ಮಲೆನಾಡ್_ಸವಾರ:
ಆ ಸುಳ್ಳು ಸುದ್ದಿಯನ್ನು ಇನ್ನೂ ಹರಡುತ್ತಿದ್ದೀರಾ? ಆಗಲೇ ಕೇಂದ್ರ ಸಾರಿಗೆ ಸಚಿವಾಲಯ ಜೂನ್ 1ರಿಂದ ಏನೂ ಬದಲಾಗುವುದಿಲ್ಲ ಅಂತ ಸ್ಪಷ್ಟಪಡಿಸಿತ್ತು. ಇರುವುದು 2021ರ ಜುಲೈನಲ್ಲಿ ಬಂದ ನಿಯಮ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರದಲ್ಲಿ ಕಲಿತು ಪಾಸಾದವರಿಗೆ ಆರ್‌ಟಿಒ ಟೆಸ್ಟಿನಿಂದ ವಿನಾಯಿತಿ. ಆ ಕೇಂದ್ರಕ್ಕೆ ಎಕರೆಗಟ್ಟಲೆ ಜಾಗ, ಸಿಮ್ಯುಲೇಟರ್, ಟ್ರ್ಯಾಕ್ ಎಲ್ಲ ಇರಬೇಕು. ಬಸ್ ಸ್ಟ್ಯಾಂಡ್ ಹಿಂದೆ ಬೋರ್ಡ್ ಹಾಕಿಕೊಂಡ ಸ್ಕೂಲ್ ಅದಲ್ಲ. ಇದೇ ಸುದ್ದಿ ತೋರಿಸಿ ನನ್ನ ತಮ್ಮನ ಹತ್ತಿರ ಒಬ್ಬ ಏಜೆಂಟ್ 7,000 ಕೇಳಿದ.

ಬೆಣ್ಣೆದೋಸೆ_ಬೈಕರ್:
ಸುಳ್ಳು ಅಂತ ನೇರವಾಗಿ ಹೇಳುವ ಅವಶ್ಯಕತೆ ಇರಲಿಲ್ಲ. ಬಂದದ್ದನ್ನು ಹೇಳಿದೆ ಅಷ್ಟೇ.

ಅರ್ಧಬಿಲ್ಲು:
ಇನ್ಶೂರೆನ್ಸ್ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ಕೇಳಿ. ಇಲ್ಲಿ ಸರ್ಟಿಫಿಕೇಟ್ ತೋರಿಸಿದೆ, ಕೌಂಟರಿನವರು ನೋಡಲೂ ಇಲ್ಲ. ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಯ ದರ ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಜೂನ್‌ನಿಂದ 150ರಿಂದ 350 ಸಿಸಿವರೆಗೆ ವರ್ಷಕ್ಕೆ 1,366, ಅದರ ಮೇಲೆ 2,804. ನೀವು ಎಷ್ಟು ಚೆನ್ನಾಗಿ ಓಡಿಸಿದರೂ ಅದರಲ್ಲಿ ಪೈಸೆ ಇಳಿಯುವುದಿಲ್ಲ. ಇಳಿಯುವುದು ಓನ್ ಡ್ಯಾಮೇಜ್ ಭಾಗ (ನಮ್ಮ ಗಾಡಿಗೇ ಆಗುವ ಹಾನಿಯದು) ಮಾತ್ರ, ಅದು ಎನ್‌ಸಿಬಿಯಿಂದ, ಅಂದರೆ ನೋ ಕ್ಲೇಮ್ ಬೋನಸ್‌ನಿಂದ. ಕ್ಲೇಮ್ ಮಾಡದಿದ್ದರೆ ಮೊದಲ ವರ್ಷಕ್ಕೆ 20 ಪರ್ಸೆಂಟ್, ಆಮೇಲೆ 25, 35, 45, 50.

ನಾನು ಹಳೆ ಬೈಕಿನಿಂದ ತಂದ ಎನ್‌ಸಿಬಿ 35ಕ್ಕೆ ಮುಟ್ಟಿತ್ತು. ಆಗಲೇ ಒಂದು ಟಾಟಾ ಏಸ್ ಪಕ್ಕದಿಂದ ತಾಗಿಸಿ ಓಡಿಹೋಯ್ತು. ಬಿಲ್ 14,750. ಪ್ಲಾಸ್ಟಿಕ್, ರಬ್ಬರ್ 6,200, ಅದರಲ್ಲಿ ಸವಕಳಿ ಅಂತ ಅರ್ಧ ಕಟ್, 3,100. ಲೋಹದ ಭಾಗ 5,800. ಗಾಡಿಗೆ ಎರಡು ವರ್ಷ ದಾಟಿದ್ದಕ್ಕೆ 15 ಪರ್ಸೆಂಟ್ ಕಟ್, 870. ಆಯಿಲ್, ನಟ್ಟು, ಬೋಲ್ಟು 350 ಪೂರ್ತಿ ಕಟ್. ಪಾಲಿಸಿಯಲ್ಲೇ ನಾವು ಹಾಕಿಕೊಳ್ಳಬೇಕಾದದ್ದು 100. ಲೇಬರ್ 2,400 ಮಾತ್ರ ಪೂರ್ತಿ ಕೊಟ್ಟರು. ಕೈಗೆ ಬಂದದ್ದು 10,330. ಎನ್‌ಸಿಬಿ ಸೊನ್ನೆ. ಕೈಯಿಂದ 4,420 ಕೊಟ್ಟೆ. ತಪ್ಪು ಆ ಏಸ್‌ನವನದು!

ಟ್ರ್ಯಾಕ್_ದಿನ:
ಸವಕಳಿ ಕಟ್ ಮಾಡದ ಜೀರೋ ಡೆಪ್ ಕವರ್ ತಗೊಂಡಿದ್ದರೆ ಆ 3,970 ಉಳಿಯುತ್ತಿತ್ತು.

ಅರ್ಧಬಿಲ್ಲು:
ಜೀರೋ ಡೆಪ್‌ಗೆ ಪ್ರತಿ ವರ್ಷ ಎಷ್ಟು ಕಟ್ಟಬೇಕು ಅಂತಲೂ ಹೇಳಿ. ಆಕ್ಸಿಡೆಂಟ್ ಆಗದ ವರ್ಷದ ದುಡ್ಡು ಯಾರ ಜೇಬಿಗೆ? ನಾನು ಪೊಲೀಸ್ ಸ್ಟೇಷನ್‌ಗೆ ಅಲೆದದ್ದಕ್ಕೆ ಯಾವ ಡೆಪ್ ಇದೆ? ಆಟೋಮೊಬೈಲ್ ಅಸೋಸಿಯೇಷನ್ ಸದಸ್ಯರಿಗೆ ರಿಯಾಯಿತಿ ಅಂತಾರಲ್ಲ, ಹಳೆಯ ಟ್ಯಾರಿಫ್ ಪ್ರಕಾರ ಬೈಕಿಗೆ ಹೆಚ್ಚೆಂದರೆ 50 ರೂಪಾಯಿ. ಸದಸ್ಯತ್ವದ ಶುಲ್ಕಕ್ಕೂ ಸಾಲದು.

ಕೋರ್ಟ್_ರಸ್ತೆ:
ನಾನು ಮೋಟಾರು ಅಪಘಾತದ ಕೇಸುಗಳ ಫೈಲ್ ಹೊತ್ತೇ ತಲೆ ನರೆತವನು. ಇಷ್ಟು ಜನ ಬರೆದಿದ್ದೀರಿ, ಆ ತಾಯಿ ಬರೆದ ಒಂದು ಸಾಲು ಯಾರೂ ಓದಲಿಲ್ಲ. ಇನ್ಶೂರೆನ್ಸ್ ಮುಗಿದು ಎರಡು ತಿಂಗಳ ಮೇಲಾಗಿದೆ! 90 ದಿನ ದಾಟಿದರೆ ಅವರ ಯಜಮಾನರು ಕೂಡಿಸಿದ ಎನ್‌ಸಿಬಿ ಎಲ್ಲ ಹೋಗುತ್ತದೆ. ಅದು 50 ಪರ್ಸೆಂಟ್ ಇದ್ದರೂ ಅಷ್ಟೇ. ಮೇಡಂ, ಇವತ್ತೇ ಪಾಲಿಸಿ ತೆಗೆದು ನೋಡಿ. 2018ರ ಸೆಪ್ಟೆಂಬರ್ ನಂತರ ಕೊಂಡ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಇರುತ್ತದೆ. ಹಾಗಿದ್ದರೆ ಮುಗಿದಿರುವುದು ಓನ್ ಡ್ಯಾಮೇಜ್ ಮಾತ್ರ ಇರಬಹುದು. ಎರಡೂ ಮುಗಿದಿದ್ದರೆ ಗಾಡಿ ಗೇಟಿನ ಆಚೆ ಹೋಗಬಾರದು. ಟೆಸ್ಟಿಗೆ ತರುವ ಗಾಡಿಗೂ ಆರ್‌ಸಿ, ವಿಮೆ, ಎಮಿಷನ್ ಚಾಲ್ತಿಯಲ್ಲಿರಬೇಕು.

ಇನ್ನೊಂದು. ಗಾಡಿ ಯಜಮಾನರ ಹೆಸರಿನಲ್ಲಿದೆ. ಪಾಲಿಸಿಯ 15 ಲಕ್ಷದ ಅಪಘಾತ ವಿಮೆ ಮಾಲೀಕರೇ ಓಡಿಸುವಾಗ ಅವರಿಗೆ ಮಾತ್ರ. ನಿಮಗಲ್ಲ.

ಅರ್ಧಬಿಲ್ಲು:
ಇದು ತಪ್ಪು ಮಾಹಿತಿ. ನನ್ನ ಪಾಲಿಸಿಯಲ್ಲಿ 15 ಲಕ್ಷ ಅಂತ ಬರೆದಿದೆ. ನಮ್ಮ ಮನೆಯಲ್ಲಿ ಮೂವರು ಓಡಿಸುತ್ತೇವೆ.

ಕೋರ್ಟ್_ರಸ್ತೆ:
ಪಕ್ಕದಲ್ಲಿ ಓನರ್ ಡ್ರೈವರ್ ಅಂತಲೂ ಬರೆದಿರುತ್ತದೆ, ಓದಿ. ನಮ್ಮ ಇಳಕಲ್ ಕಡೆಯದೇ ಕೇಸ್ ಇದೆ, ನಿಂಗಮ್ಮ ಪ್ರಕರಣ, 2009ರ ಸುಪ್ರೀಂ ಕೋರ್ಟ್ ತೀರ್ಪು. ಬೇರೆಯವರ ಬೈಕ್ ಕೇಳಿ ತಂದು ಓಡಿಸುತ್ತಿದ್ದವರು ಎತ್ತಿನ ಗಾಡಿಗೆ ಗುದ್ದಿ ತೀರಿಕೊಂಡರು. ಬೈಕ್ ತಂದವರು ಮಾಲೀಕರ ಜಾಗದಲ್ಲೇ ನಿಂತ ಹಾಗೆ, ಆದ್ದರಿಂದ ಮೋಟಾರು ವಾಹನ ಕಾಯ್ದೆಯಲ್ಲಿ ಆಗ ಇದ್ದ 163ಎ ಕಲಂ ಕೆಳಗೆ ಪರಿಹಾರ ಕೇಳಲು ಬರುವುದಿಲ್ಲ ಅಂದಿತು ಕೋರ್ಟ್. ಮನೆಯಲ್ಲಿ ಮೂವರು ಓಡಿಸುತ್ತೀರಾದರೆ ಉಳಿದಿಬ್ಬರ ಹೆಸರಿಗೆ ಬೇರೆಯಾಗಿ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಮಾಡಿಸಿ.

ತುಂಗಾತೀರ:
ತುಂಬ ಉಪಕಾರವಾಯ್ತು ಸರ್. ಪಾಲಿಸಿ ತೆಗೆದು ನೋಡಿದೆ, ಎರಡೂ ಮುಗಿದಿವೆ. 90 ದಿನಕ್ಕೆ ಇನ್ನೂ ಸ್ವಲ್ಪ ದಿನ ಇದೆ. ಮನೆಯವರು ಅಲ್ಲಿಂದಲೇ ಆನ್‌ಲೈನಿನಲ್ಲಿ ಕಟ್ಟಬಹುದಾ?

ಕೋರ್ಟ್_ರಸ್ತೆ:
ಕಟ್ಟಬಹುದು. ಕೆಲವು ಕಂಪನಿಯವರು ಗಾಡಿಯ ಫೋಟೊ, ವಿಡಿಯೊ ಕೇಳುತ್ತಾರೆ. ಚಾಸಿ ನಂಬರ್ ಕಾಣುವ ಹಾಗೆ ನೀವೇ ತೆಗೆದು ಕಳಿಸಿ. ಹೊಸ ಪಾಲಿಸಿಯಲ್ಲಿ ಎನ್‌ಸಿಬಿ ಎಷ್ಟು ಹಾಕಿದ್ದಾರೆ ನೋಡಿ. ಹಿಂದೆ ಕ್ಲೇಮ್ ಆಗಿದ್ದರೆ ಅದನ್ನು ಮುಚ್ಚಿಡಬೇಡಿ. ಗಿಯರ್ ಗಾಡಿಯ ಎಲ್‌ಎಲ್ ಬರುವವರೆಗೆ ಬೈಕ್ ರಸ್ತೆಗೆ ತರಬೇಡಿ. ಅದು ಬಂದು 30 ದಿನ ಆದಮೇಲೆ ಟೆಸ್ಟ್, ಆರು ತಿಂಗಳೊಳಗೆ ಮುಗಿಸಿಕೊಳ್ಳಿ.

ಹಳೇ_ಕ್ಲಚ್:
ಆ 350 ಭಾರದ ಗಾಡಿ ತಾಯಿ. ಮೊದಲು ಯಾರದಾದರೂ 100 ಸಿಸಿಯಲ್ಲಿ ಕಲಿಯಿರಿ.

ಟ್ರ್ಯಾಕ್_ದಿನ:
ಇದೊಂದು ಮಾತು ಒಪ್ಪುತ್ತೇನೆ. ಆ 100 ಸಿಸಿಯಲ್ಲೂ ಮುಂದಿನ ಬ್ರೇಕ್ ಅಭ್ಯಾಸ ಮಾಡಿಸಿ.