ರಕ್ತದಾನದ ಅರ್ಜಿಯಲ್ಲಿರುವ ‘ಲೈಂಗಿಕ ಜೀವನಶೈಲಿ’ಗೆ ತಿಳಿಯುವ ಕನ್ನಡ ಯಾವುದು?

ಪದ ಬಲ್ಲವರಿಗೆಲ್ಲ ಸಾಗರದಿಂದ ನಮಸ್ಕಾರ.

ನನ್ನದೊಂದು ಸಣ್ಣ ಮುದ್ರಣಾಲಯ. ಮದುವೆಯ ಕರೆಯೋಲೆ, ಅಡಿಕೆ ಮಂಡಿಯ ರಸೀದಿ ಪುಸ್ತಕ, ಸಹಕಾರ ಸಂಘದ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ ಇವೇ ದಿನದ ಕೆಲಸ. ಈಗ ಕಾಲೇಜೊಂದರ ರಾಷ್ಟ್ರೀಯ ಸೇವಾ ಯೋಜನೆಯವರು ರಕ್ತದಾನ ಶಿಬಿರಕ್ಕೆಂದು ದಾನಿಗಳು ತುಂಬಬೇಕಾದ ಪ್ರಶ್ನಾವಳಿಯನ್ನು ಅಚ್ಚಿಗೆ ತಂದುಕೊಟ್ಟಿದ್ದಾರೆ. ಒಂದು ಬದಿಗೆ ಇಂಗ್ಲಿಷ್, ಇನ್ನೊಂದು ಬದಿಗೆ ಕನ್ನಡ. ಕನ್ನಡ ಮಾಡಿದವರು ಯಾರೆಂದು ಅವರಿಗೂ ಗೊತ್ತಿಲ್ಲ, ಶಿಬಿರದಿಂದ ಶಿಬಿರಕ್ಕೆ ನೆರಳಚ್ಚಾಗುತ್ತಾ ಬಂದ ಪ್ರತಿಯಂತೆ. ‘ಕಾಗುಣಿತ ಒಮ್ಮೆ ನೋಡಿಬಿಡಿ’ ಎಂದು ಹೇಳಿ ಹೋದರು. ಕಾಗುಣಿತ ಸರಿಯಾಗಿಯೇ ಇದೆ. ಆದರೆ ಎರಡನೆಯ ಪುಟದಲ್ಲಿ ಹೀಗೊಂದು ಪ್ರಶ್ನೆ ಇದೆ: ‘ತಮ್ಮ ಲೈಂಗಿಕ ಜೀವನಶೈಲಿಯು ಅಪಾಯಕಾರಿಯಾಗಿದೆಯೇ? ಹೌದು / ಇಲ್ಲ.’

ಇದಕ್ಕೆ ‘ಹೌದು’ ಎಂದು ಗುರುತು ಹಾಕುವ ಮನುಷ್ಯ ಮಲೆನಾಡಿನಲ್ಲಂತೂ ಹುಟ್ಟಿಲ್ಲ. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರಬೇಕಾಗಿಲ್ಲ, ಪ್ರಶ್ನೆಯೇ ಅರ್ಥವಾಗಿರುವುದಿಲ್ಲ. ನಮ್ಮ ಪತ್ರಿಕೆಗಳಲ್ಲಿ ‘ಜೀವನಶೈಲಿ’ ಎಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೆಳಗಿನ ನಡಿಗೆ, ರಾತ್ರಿ ಬೇಗ ಊಟ. ಅದರ ಹಿಂದೆ ‘ಲೈಂಗಿಕ’ ಎಂಬ ಪದವನ್ನು ಜೋಡಿಸಿದರೆ ಏನನ್ನು ಕೇಳುತ್ತಿದ್ದಾರೆ ಎಂದು ಓದಿದವನಿಗೆ ಹೊಳೆಯುವುದಿಲ್ಲ, ಏನೋ ಕೆಟ್ಟದ್ದನ್ನು ಕೇಳುತ್ತಿದ್ದಾರೆ ಎಂಬುದಷ್ಟೇ ತಿಳಿಯುತ್ತದೆ. ಕೂಡಲೇ ‘ಇಲ್ಲ’ ಎಂದು ಗುರುತು ಹಾಕಿ ಮುಂದಿನ ಸಾಲಿಗೆ ಹೋಗುತ್ತಾನೆ.

ಉಳಿದ ಪ್ರಶ್ನೆಗಳಲ್ಲಿ ಇಂಥ ತೊಡಕಿಲ್ಲ. ವಯಸ್ಸು 18ರಿಂದ 65, ಮೊದಲ ಬಾರಿ ಕೊಡುವವರಾದರೆ 60ರ ಒಳಗೆ. ತೂಕ 45 ಕಿಲೋಗಿಂತ ಕಡಿಮೆ ಇರಬಾರದು, 450 ಮಿಲಿಲೀಟರ್ ತೆಗೆಯುವುದಾದರೆ 55 ಕಿಲೋ ಮೀರಿರಬೇಕು. ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ ಇರಬೇಕು. ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಬಿಡಬೇಕು. ಅಂಕಿಗಳಿರುವ ಕಡೆ ಭಾಷೆಗೆ ಹೆಚ್ಚು ಕೆಲಸವಿಲ್ಲ. ಅಂಥ ಕಡೆಯೂ ಒಂದು ಎಡವಟ್ಟು ಕಂಡಿತು. ‘ಕಳೆದ 12 ತಿಂಗಳಲ್ಲಿ ಹಚ್ಚೆ ಹಾಕಿಸಿಕೊಂಡಿದ್ದೀರಾ?’ ಎಂಬುದನ್ನು ನಮ್ಮಲ್ಲಿ ಡಿಟಿಪಿ ಕೆಲಸ ಮಾಡುವ ಹುಡುಗಿ ಓದಿ ‘ಇಲ್ಲ’ ಎಂದಳು. ಅವಳ ಮುಂಗೈಯಲ್ಲಿ ಹೊಸ ಚಿಟ್ಟೆ ಕೂತಿದೆ. ‘ಇದು ಟ್ಯಾಟೂ ಸಾರ್, ಹಚ್ಚೆ ಅಂದರೆ ಅಜ್ಜಿಯ ಕೈ ಮೇಲಿರುವುದು’ ಎಂಬುದು ಅವಳ ಸಮರ್ಥನೆ. ಅವಳ ಮಾತು ನನಗೆ ಒಪ್ಪಿಗೆಯಾಯಿತು. ‘ಹಚ್ಚೆ ಅಥವಾ ಟ್ಯಾಟೂ’ ಎಂದು ಎರಡನ್ನೂ ಹಾಕಿಬಿಟ್ಟೆ.

ಈಗ ‘ಅಪಾಯಕಾರಿ’ ಪದಕ್ಕೆ ಬರುತ್ತೇನೆ. ಇಂಗ್ಲಿಷ್ ಬದಿಯಲ್ಲಿರುವುದು, ಸೋಂಕು ತಗಲುವ ಸಾಧ್ಯತೆ ಹೆಚ್ಚಿರುವವರು ಎಂಬ ಅರ್ಥದ ಮಾತು. ಅಂದರೆ ಅಪಾಯ ಆ ವ್ಯಕ್ತಿಗಿದೆ. ಕನ್ನಡದಲ್ಲಿ ‘ಅಪಾಯಕಾರಿ ವ್ಯಕ್ತಿ’ ಎಂದ ಕೂಡಲೇ ಅಪಾಯ ಆ ವ್ಯಕ್ತಿಯಿಂದ ಉಳಿದವರಿಗೆ ಎಂದಾಗುತ್ತದೆ. ಆಗುಂಬೆ ಘಾಟಿಯ ‘ಅಪಾಯಕಾರಿ ತಿರುವು’ ಎಂಬ ಫಲಕದ ಹಾಗೆ: ಅಪಾಯ ತಿರುವಿಗಲ್ಲ, ಬಸ್ಸಿನಲ್ಲಿ ಕೂತವರಿಗೆ. ‘ಕಾರಿ’ ಎಂಬ ಬಾಲ ಮಾಡುವವನನ್ನು ತೋರಿಸುತ್ತದೆ: ಹಿತಕಾರಿ, ಹಾನಿಕಾರಿ, ಕ್ರಾಂತಿಕಾರಿ. ‘ಅಪಾಯದಲ್ಲಿರುವ’ ಎಂದರೆ ಪ್ರವಾಹದಲ್ಲಿ ಸಿಕ್ಕಿಕೊಂಡವರ ನೆನಪಾಗುತ್ತದೆ. ‘ಸೋಂಕು ತಗಲುವ ಸಾಧ್ಯತೆ ಹೆಚ್ಚಿರುವವರು’ ಉದ್ದವಾಯಿತು, ಆದರೆ ಯಾರನ್ನೂ ಅಪರಾಧಿ ಮಾಡುವುದಿಲ್ಲ. ಒಂದು ಸಾಲು ಹೆಚ್ಚಾದರೆ ಆಗಲಿ, ಕಾಗದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ.

‘ಸಂಪರ್ಕ’ದ ಕಥೆ ಬೇರೆ. ‘ಲೈಂಗಿಕ ಸಂಪರ್ಕ’ ಎಂಬುದು ಅಚ್ಚಿನ ಕನ್ನಡದಲ್ಲಿ ಗಟ್ಟಿಯಾಗಿ ನೆಲೆನಿಂತಿದೆ, ಅದನ್ನು ಕೀಳಬೇಕಾಗಿಲ್ಲ. ಆದರೆ ನನ್ನ ಕೈಗೆ ಬಂದ ಪ್ರತಿಯಲ್ಲಿ ‘ಲೈಂಗಿಕ’ ಎಂಬುದನ್ನು ಬರೆಯಲು ನಾಚಿದವರು ಯಾರೋ ಬರೀ ‘ಅಪರಿಚಿತರೊಂದಿಗೆ ಸಂಪರ್ಕ ಹೊಂದಿದ್ದೀರಾ?’ ಎಂದು ಬಿಟ್ಟಿದ್ದಾರೆ. ಪುಟದ ಬುಡದಲ್ಲಿ ‘ಹೆಚ್ಚಿನ ಮಾಹಿತಿಗೆ ಸಂಪರ್ಕಿಸಿ’ ಎಂದು ಮೊಬೈಲ್ ಸಂಖ್ಯೆಯೂ ಇದೆ! ಕೋವಿಡ್ ಕಾಲದಲ್ಲಿ ‘ಪ್ರಾಥಮಿಕ ಸಂಪರ್ಕಿತರು’ ಎಂದು ಮನೆಮನೆಯಲ್ಲೂ ಹಣೆಪಟ್ಟಿ ಹಚ್ಚಿಸಿಕೊಂಡವರು ನಾವು. ಬರೀ ಸಂಪರ್ಕ ಎಂದರೆ ಕೆಮ್ಮಿದವನ ಪಕ್ಕ ಕೂತದ್ದು ಎಂದೇ ಈಗ ಅರ್ಥ. ಇನ್ನೊಂದು ಕಡೆ ‘ಸಹವಾಸ’ ಎಂದಿದೆ. ಆ ಪದಕ್ಕೆ ಸಂಸ್ಕೃತದಲ್ಲಿ ಏನೇ ಅರ್ಥವಿರಲಿ, ನಮ್ಮ ಕಡೆ ಸಹವಾಸ ಎಂದರೆ ‘ಅವನ ಸಹವಾಸ ಸಾಕು’ ಎನ್ನುವಾಗಿನ ಸಹವಾಸ. ‘ಜೊತೆಗೆ ಮಲಗಿದ್ದೀರಾ’ ಎಂದು ಕೇಳುವ ಹಾಗೂ ಇಲ್ಲ, ಹಾಸ್ಟೆಲ್ಲಿನಲ್ಲಿ ಒಂದೇ ಚಾಪೆಯ ಮೇಲೆ ನಾಲ್ವರು ಮಲಗುವ ಹುಡುಗರು ಏನೆಂದು ಉತ್ತರಿಸಬೇಕು?

ಬಾಯಿಮಾತಿನಲ್ಲಿ ಕೇಳುವವರ ಕಷ್ಟ ಇನ್ನೂ ಹೆಚ್ಚು. ಹಿಂದೊಮ್ಮೆ ಶಿಬಿರವೊಂದರಲ್ಲಿ ನಾನೇ ರಕ್ತ ಕೊಡಲು ಸಾಲಿನಲ್ಲಿದ್ದಾಗ, ಮೇಜಿನ ಆಚೆ ಕೂತಿದ್ದ ಸಿಬ್ಬಂದಿಯೊಬ್ಬರು ದನಿ ತಗ್ಗಿಸಿ ಎದುರಿನ ಹುಡುಗನನ್ನು ‘ಹೊರಗಡೆಯ ಅಭ್ಯಾಸ ಏನಾದರೂ ಉಂಟೋ?’ ಎಂದು ಕೇಳಿದರು. ಅವನು ‘ಇಲ್ಲ, ಮನೆಯಿಂದಲೇ ಬುತ್ತಿ ತರುತ್ತೇನೆ’ ಎಂದ. ಅವನ ಹಿಂದಿದ್ದ ಹಿರಿಯರಿಗೆ ‘ಕೆಟ್ಟ ಚಟ?’ ಎಂದು ಕೇಳಿದಾಗ ಅವರು ಪ್ರಾಮಾಣಿಕವಾಗಿ ‘ಕವಳ ಮಾತ್ರ’ (ಎಲೆಯಡಿಕೆ) ಎಂದು ಒಪ್ಪಿಕೊಂಡರು. ಇಬ್ಬರ ಅರ್ಜಿಯಲ್ಲೂ ‘ಇಲ್ಲ’ ಎಂದು ಬಿತ್ತು. ಅದೇ ‘ಹೊರಗೆ’ ಎಂಬ ಪದವನ್ನು ನಮ್ಮ ಹೆಂಗಸರು ಮುಟ್ಟಿಗೂ ಬಳಸುತ್ತಾರೆ. ‘ಹೊರಗಾಗಿದ್ದಾಳೆ’, ‘ಹೊರಗೆ ಕೂತಿದ್ದಾಳೆ’. ಮುಟ್ಟಿನ ಬಗ್ಗೆಯೂ ಅರ್ಜಿಯಲ್ಲಿ ಪ್ರಶ್ನೆ ಇರುವುದರಿಂದ ಒಂದೇ ಮೇಜಿನ ಮೇಲೆ ಎರಡು ‘ಹೊರಗೆ’ಗಳು ಡಿಕ್ಕಿ ಹೊಡೆಯುತ್ತವೆ. ಮರ್ಯಾದೆಗಾಗಿ ಮಾತನ್ನು ಮರೆಮಾಡುವುದು ನಮ್ಮ ಜಾಯಮಾನ, ತಪ್ಪೆನ್ನಲಾರೆ. ಆದರೆ ಇಲ್ಲಿ ಮರೆಮಾಡಿದರೆ ಪ್ರಶ್ನೆ ಕೇಳಿದ್ದೇ ದಂಡ.

ಕಾಯಿಲೆಗಳ ಹೆಸರಿಗೂ ಇದೇ ಗತಿ. ಜನ ತಮಗೆ ಕಂಡಂತೆ ಹೆಸರಿಡುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಜ್ವರಕ್ಕೆ ವೈದ್ಯಲೋಕ ಆ ಕಾಡಿನ ಹೆಸರನ್ನೇ ಇಟ್ಟಿತು. ಊರವರು ಕಂಡದ್ದು ಸತ್ತು ಬೀಳುತ್ತಿದ್ದ ಮಂಗಗಳನ್ನು, ಹಾಗಾಗಿ ಅದು ಮಂಗನ ಕಾಯಿಲೆ. ಈಗ ಸರ್ಕಾರದ ಕರಪತ್ರವೂ ಹಾಗೆಯೇ ಕರೆಯುತ್ತದೆ. ಆದರೆ ಅರ್ಜಿಯಲ್ಲಿರುವ ‘ಗುಪ್ತರೋಗ’ಕ್ಕೆ ಇಂಥ ಒಂದು ಖಚಿತ ಗುರುತಿಲ್ಲ. ಬಸ್ ನಿಲ್ದಾಣದ ಶೌಚಾಲಯದ ಗೋಡೆಯ ಮೇಲೆ ಅಂಟಿಸುವ ಚೀಟಿಗಳಿಂದಾಗಿ ಆ ಪದದೊಳಗೆ ನಿಶ್ಶಕ್ತಿ, ಮೂಲವ್ಯಾಧಿ, ಕೂದಲು ಉದುರುವುದು ಎಲ್ಲವೂ ಬಂದು ಸೇರಿವೆ. ಸಿಫಿಲಿಸ್‌ಗೆ ಆಯುರ್ವೇದದವರು ಇಟ್ಟ ‘ಫಿರಂಗರೋಗ’ ಸೊಗಸಾದ ಪದ. ಪರಂಗಿಯವರಿಂದ ಬಂದದ್ದೆಂದು ಹೆಸರಿನಲ್ಲೇ ದೂರು ದಾಖಲಾಗಿದೆ. ಆದರೆ ಇಂದಿನ ಹುಡುಗರು ಅದನ್ನು ಹಣ್ಣಿಗೆ ಸಂಬಂಧಿಸಿದ್ದು ಎಂದುಕೊಂಡಾರು. ‘ಲೈಂಗಿಕ ಸಂಪರ್ಕದಿಂದ ಹರಡುವ ಕಾಯಿಲೆ, ಉದಾಹರಣೆಗೆ ಸಿಫಿಲಿಸ್, ಗೊನೊರಿಯಾ’ ಎಂದೇ ಹಾಕುವವನಿದ್ದೇನೆ.

ಪದಗಳನ್ನು ಬದಲಿಸಿದ ಮಾತ್ರಕ್ಕೆ ಸರಿಹೋಗದ ಜಾಗ ಒಂದಿದೆ. ರಾಷ್ಟ್ರೀಯ ರಕ್ತ ವರ್ಗಾವಣೆ ಮಂಡಳಿ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ 2017ರಲ್ಲಿ ಹೊರಡಿಸಿದ ದಾನಿಗಳ ಆಯ್ಕೆಯ ಮಾರ್ಗಸೂಚಿಯ 12 ಮತ್ತು 51ನೆಯ ಅಂಶಗಳು ಜನರ ಪಟ್ಟಿಯನ್ನೇ ಕೊಡುತ್ತವೆ: ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು, ಪುರುಷರೊಂದಿಗೆ ಲೈಂಗಿಕ ಸಂಪರ್ಕ ಇರುವ ಪುರುಷರು, ಲೈಂಗಿಕ ವೃತ್ತಿಯ ಮಹಿಳೆಯರು, ಸೂಜಿಯಿಂದ ಮಾದಕವಸ್ತು ಚುಚ್ಚಿಕೊಳ್ಳುವವರು, ಹಲವು ಲೈಂಗಿಕ ಸಂಗಾತಿಗಳಿರುವವರು. ಇವರಿಂದ ರಕ್ತ ಪಡೆಯುವಂತಿಲ್ಲ, ಎಂದೆಂದಿಗೂ. ಮಣಿಪುರದ ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಸಾಂತಾ ಖುರೈ ಇದನ್ನು 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಕೇಂದ್ರ ಸರ್ಕಾರ, ಈ ಗುಂಪುಗಳಲ್ಲಿ ಸೋಂಕಿನ ಪ್ರಮಾಣ ಹೆಚ್ಚೆಂದು ಹೇಳಿ ನಿಯಮವನ್ನು ಸಮರ್ಥಿಸಿಕೊಂಡಿತು. ನಿಯಮ ತಿದ್ದುವುದು ಮುದ್ರಕನ ಕೆಲಸವಲ್ಲ. ಆದರೆ ಆ ಪಟ್ಟಿ ಕನ್ನಡಕ್ಕೆ ಬರುವಾಗ ಮೂಲದಲ್ಲಿಲ್ಲದ ತಿರಸ್ಕಾರವನ್ನೂ ಹೊತ್ತು ತಂದರೆ ಅದು ಅನುವಾದಕರ ಪಾಪ. ನನ್ನ ಪ್ರತಿಯಲ್ಲಿ ‘ಹಿಜಡಾ, ಸಲಿಂಗಕಾಮಿ, ವೇಶ್ಯೆ’ ಎಂದಿದೆ. ‘ಪುರುಷರೊಂದಿಗೆ ಲೈಂಗಿಕ ಸಂಪರ್ಕ ಇರುವ ಪುರುಷರು’ ಎಂಬುದು ಆರೋಗ್ಯ ಇಲಾಖೆಯವರು ಬೇಕೆಂದೇ ಕಟ್ಟಿಕೊಂಡ ನುಡಿ. ಅದು ನಡೆದದ್ದನ್ನು ಹೇಳುತ್ತದೆ, ಇಂಥವನು ಎಂದು ಹಣೆಪಟ್ಟಿ ಹಚ್ಚುವುದಿಲ್ಲ. ‘ಸಲಿಂಗಕಾಮಿ’ ಹಣೆಪಟ್ಟಿ ಹಚ್ಚುವುದಲ್ಲದೆ ಬಾಲದಲ್ಲೊಂದು ‘ಕಾಮಿ’ಯನ್ನೂ ಎಳೆದು ತರುತ್ತದೆ. ಹೆಂಡತಿ ಮಕ್ಕಳಿರುವ, ತನ್ನನ್ನು ಯಾವ ಹೆಸರಿನಿಂದಲೂ ಕರೆದುಕೊಳ್ಳದ ಗಂಡಸಿಗೆ ಆ ಪದ ತನ್ನದು ಎಂದು ಅನ್ನಿಸುವುದೇ ಇಲ್ಲ. ಚಂದ್ರಗುತ್ತಿಯ ರೇಣುಕಾಂಬೆಗೆ ನಡೆದುಕೊಳ್ಳುವ ನಮ್ಮ ಕಡೆಯವರು ಜೋಗಪ್ಪನನ್ನು ‘ಅಮ್ಮ’ ಎಂದು ಕರೆದು ಕೈಮುಗಿಯುತ್ತಾರೆ. ಅದೇ ಜೋಗಪ್ಪನ ಮುಂದೆ ಈ ಅರ್ಜಿ ಹಿಡಿದರೆ ಏನಾದೀತೆಂದು ಊಹಿಸಿ. ಅಲ್ಲಿ ‘ಟ್ರಾನ್ಸ್‌ಜೆಂಡರ್ ವ್ಯಕ್ತಿ’ ಎಂದೇ ಹಾಕಲೇ? ‘ಲಿಂಗತ್ವ ಅಲ್ಪಸಂಖ್ಯಾತರು’ ಸರ್ಕಾರಿ ಕಾಗದಗಳಲ್ಲಿ ಬಳಕೆಯಲ್ಲಿದೆ, ಆದರೆ ಅದರ ವ್ಯಾಪ್ತಿ ದೊಡ್ಡದು. ಬಲ್ಲವರು ಹೇಳಬೇಕು.

‘ಲೈಂಗಿಕ ಕಾರ್ಯಕರ್ತೆ’ ನನಗೆ ಒಗ್ಗದ ಪದ. ಕಾರ್ಯಕರ್ತೆ ಎಂದರೆ ಆಶಾ, ಅಂಗನವಾಡಿ, ಇಲ್ಲವೇ ಪಕ್ಷದ ಬಾವುಟ.

ಹೊರದೇಶಗಳಲ್ಲಿ ಪ್ರಶ್ನೆಯ ರೂಪವೇ ಬದಲಾಗಿದೆ. ಅಮೆರಿಕದಲ್ಲಿ ಪುರುಷರೊಂದಿಗೆ ಲೈಂಗಿಕ ಸಂಪರ್ಕ ಇರುವ ಪುರುಷರಿಗೆ 1985ರಲ್ಲಿ ಜೀವನಪೂರ್ತಿ ತಡೆ ಇತ್ತು, 2015ರಲ್ಲಿ ಅದು 12 ತಿಂಗಳಾಯಿತು, 2020ರಲ್ಲಿ 3 ತಿಂಗಳು, 2023ರಲ್ಲಿ ಗುಂಪಿನ ಲೆಕ್ಕವನ್ನೇ ಬಿಟ್ಟರು. ಬ್ರಿಟನ್ 2021ರ ಜೂನ್ 14ರಿಂದ, ಅಂದರೆ ವಿಶ್ವ ರಕ್ತದಾನಿಗಳ ದಿನದಿಂದಲೇ, ಗಂಡು ಹೆಣ್ಣೆನ್ನದೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದೆ: ಕಳೆದ 3 ತಿಂಗಳಲ್ಲಿ ಹೊಸ ಸಂಗಾತಿ ಇದ್ದರೇ, ಒಬ್ಬರಿಗಿಂತ ಹೆಚ್ಚು ಇದ್ದರೇ, ಇದ್ದರೆ ಎಂಥ ಸಂಪರ್ಕ. ಅಲ್ಲಿ ನಾಮಪದ ಹೋಗಿ ಕ್ರಿಯಾಪದ ಬಂತು. ‘ನೀವು ಯಾರು’ ಎಂಬುದರ ಬದಲು ‘ನೀವು ಏನು ಮಾಡಿದಿರಿ, ಯಾವಾಗ’. ನಮ್ಮಲ್ಲಿ ನಿಯಮ ಹಾಗಿಲ್ಲ, ಆದರೆ ಹಲವು ಸಂಗಾತಿಗಳ ಪ್ರಶ್ನೆಯನ್ನಾದರೂ ಕ್ರಿಯಾಪದದಲ್ಲಿ ಕೇಳಲು ಅಡ್ಡಿಯೇನಿಲ್ಲ.

ಅಲ್ಲಿ ಕನ್ನಡದ ಕಾಲಗಳು ಕಾಲಿಗೆ ತೊಡರುತ್ತವೆ. ‘ಹಲವು ಸಂಗಾತಿಗಳಿದ್ದಾರೆಯೇ?’ ಎಂದರೆ ಈ ಹೊತ್ತಿನ ಮಾತು, ಹೋದ ವರ್ಷದ್ದು ಲೆಕ್ಕಕ್ಕಿಲ್ಲ. ‘ಇದ್ದರೇ?’ ಎಂದರೆ ಯಾವಾಗ ಎಂಬ ಮರುಪ್ರಶ್ನೆ ಬರುತ್ತದೆ. ನಿಯಮದಲ್ಲಿ ತಿಂಗಳ ಗಡುವಿಲ್ಲ, ಹಾಗಾಗಿ ಗಡುವನ್ನು ನಾನು ಸೇರಿಸಲಾರೆ. ಇದಕ್ಕೆ ನಮ್ಮ ಘಟ್ಟದ ಮೇಲಿನವರ ‘ಉಂಟು’ ಕೈಹಿಡಿದೀತು ಎಂದು ತೋರುತ್ತದೆ: ‘ಒಬ್ಬರಿಗಿಂತ ಹೆಚ್ಚು ಜನರೊಂದಿಗೆ ಲೈಂಗಿಕ ಸಂಪರ್ಕ ಇಟ್ಟುಕೊಂಡದ್ದುಂಟೇ?’ ಜನ್ಮದಲ್ಲಿ ಒಮ್ಮೆಯಾದರೂ ಎಂಬ ಅರ್ಥ ಆ ‘ದ್ದುಂಟೇ’ಯಲ್ಲಿ ತಾನಾಗಿ ಕೂತಿದೆ, ‘ಜೋಗ ನೋಡಿದ್ದುಂಟೇ?’ ಎನ್ನುವಾಗಿನಂತೆ. ಬಯಲುಸೀಮೆಯ ಓದುಗರ ಕಿವಿಗೂ ಇದು ಹಾಗೆಯೇ ಕೇಳುತ್ತದೆಯೇ, ಅಥವಾ ಬರೀ ‘ಇದೆಯೇ’ ಎಂದಷ್ಟೇ ಆಗುತ್ತದೆಯೇ? ‘ಸಂಗಾತಿ’ಯನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ಬಾಳಸಂಗಾತಿಯ ವಾಸನೆ ಹೊತ್ತ ಪದ, ಒಂದು ರಾತ್ರಿಯ ಪರಿಚಯಕ್ಕೆ ಹೊಂದುವುದಿಲ್ಲ.

ಈ ಪ್ರಶ್ನೆಗಳೆಲ್ಲ ಯಾಕೆ ಎಂದು ಅರ್ಜಿಯ ತಲೆಯಲ್ಲಿ ಎರಡು ಸಾಲು ಬರೆಯಬೇಕೆಂಬುದು ನನ್ನ ಆಸೆ. ಕೊಟ್ಟ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸಿಯೇ ಬಳಸುತ್ತಾರೆ. ‘ಹಾಗಿದ್ದ ಮೇಲೆ ನನ್ನ ಖಾಸಗಿ ಬದುಕು ಇವರಿಗೇಕೆ?’ ಎಂದು ಯಾರಾದರೂ ಕೇಳಬಹುದು. ಸೋಂಕು ತಗಲಿದ ಮೊದಲ ಕೆಲವು ದಿನ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ನ್ಯಾಟ್ ಎಂಬ ಪರೀಕ್ಷೆ ಆ ದಿನಗಳನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಆ ಸಂದಿಯಲ್ಲಿ ಯಂತ್ರ ಕಾಣದ್ದನ್ನು ಮನುಷ್ಯನೇ ಹೇಳಬೇಕು. ನನ್ನ ಪ್ರತಿಯಲ್ಲಿ ಈ ದಿನಗಳನ್ನು ‘ಕಿಟಕಿ ಅವಧಿ’ ಎಂದಿದ್ದಾರೆ. ನಮ್ಮ ಕಿಟಕಿ ಇರುವುದು ಹೊರಗಿನದು ಕಾಣಲಿ ಎಂದು, ಇದೋ ಏನೂ ಕಾಣದ ಅವಧಿ! ‘ಸೋಂಕು ಕಾಣದ ದಿನಗಳು’ ಎಂದರೆ ಮುಗಿಯಿತಲ್ಲ.

ಕೊನೆಯ ಪೆಟ್ಟಿಗೆಯಲ್ಲಿ ವೈದ್ಯರು ಗುರುತು ಹಾಕಬೇಕಾದ ಎರಡು ಸಾಲುಗಳಿವೆ: ‘ತಾತ್ಕಾಲಿಕವಾಗಿ ಮುಂದೂಡಲಾಗಿದೆ’, ‘ಶಾಶ್ವತವಾಗಿ ಮುಂದೂಡಲಾಗಿದೆ’. ಮುಂದೂಡುವುದು ಸಭೆಯನ್ನು, ಚುನಾವಣೆಯನ್ನು, ಮನುಷ್ಯನನ್ನಲ್ಲ. ಶಾಶ್ವತವಾಗಿ ಮುಂದೂಡುವುದು ಹೇಗೆಂಬುದು ದೇವರಿಗೇ ಗೊತ್ತು. ‘ಅನರ್ಹ’ ಎನ್ನೋಣವೆಂದರೆ 2019ರಲ್ಲಿ 17 ಶಾಸಕರು ಅನರ್ಹರಾದಂದಿನಿಂದ ಆ ಪದಕ್ಕೆ ಅಂಟಿದ ಬಣ್ಣ ಇನ್ನೂ ಹೋಗಿಲ್ಲ. ಹಿಮೋಗ್ಲೋಬಿನ್ ಅರ್ಧ ಗ್ರಾಂ ಕಡಿಮೆ ಇರುವ ಹುಡುಗಿ ಅನರ್ಹಳೆಂಬ ಚೀಟಿ ಹಿಡಿದು ಮನೆಗೆ ಹೋಗಬೇಕೇ? ಮೊದಲನೆಯದಕ್ಕೆ ‘ಸದ್ಯ ಬೇಡ, ಇಂಥ ದಿನದ ನಂತರ ಬನ್ನಿ’ ಎಂದು ಹಾಕಿ ದಿನಾಂಕಕ್ಕೆ ಜಾಗ ಬಿಟ್ಟಿದ್ದೇನೆ. ಕೋರ್ಟಿನವರ ‘ವಾಯಿದೆ’ಯೂ ನೆನಪಾಯಿತು, ಆದರೆ ಆಸ್ಪತ್ರೆಯಲ್ಲಿ ವಾಯಿದೆ ಕೊಟ್ಟರೆ ಜನ ವಕೀಲರನ್ನು ಹುಡುಕಿಯಾರು. ಎರಡನೆಯದಕ್ಕೆ ನನ್ನಲ್ಲಿರುವುದು ‘ಇವರಿಂದ ರಕ್ತ ಪಡೆಯುವಂತಿಲ್ಲ’ ಎಂಬುದೊಂದೇ. ಗಡಸಾಯಿತು ಎಂದು ನನಗೇ ಅನ್ನಿಸುತ್ತಿದೆ.

ಅಂದ ಹಾಗೆ, 2020ರ ತಿದ್ದುಪಡಿಯ ನಂತರ ಕಾನೂನಿನಲ್ಲಿ ‘ಬ್ಲಡ್ ಬ್ಯಾಂಕ್’ ಹೋಗಿ ‘ಬ್ಲಡ್ ಸೆಂಟರ್’ ಆಗಿದೆ. ತಲೆಬರಹದಲ್ಲಿ ‘ರಕ್ತ ಕೇಂದ್ರ’ ಎಂದು ಹಾಕಿದ್ದೇನೆ, ಮನಸ್ಸಿಲ್ಲದ ಮನಸ್ಸಿನಿಂದ. ‘ರಕ್ತನಿಧಿ’ಯಂಥ ಪದ ಮತ್ತೆ ಹುಟ್ಟುವುದು ಕಷ್ಟ.

ಕರಡು ಇನ್ನೂ ನನ್ನ ಮೇಜಿನ ಮೇಲಿದೆ, ಶಿಬಿರದವರು ಅವಸರ ಮಾಡುತ್ತಿದ್ದಾರೆ. ನನಗೆ ಮುಖ್ಯವಾಗಿ ಬೇಕಾದವು ಮೂರು: ‘ಇಟ್ಟುಕೊಂಡದ್ದುಂಟೇ’ ನಿಮ್ಮ ಕಡೆಯ ಓದುಗರಿಗೆ ತಿಳಿಯುತ್ತದೆಯೇ, ‘ಶಾಶ್ವತ’ದ ಸಾಲಿಗೆ ಇನ್ನೂ ಮೆತ್ತಗಿನ ನುಡಿ ಇದೆಯೇ, ಮತ್ತು ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರು ತಮ್ಮ ಸಂಘಟನೆಗಳ ಕನ್ನಡ ಕಾಗದಗಳಲ್ಲಿ ತಮ್ಮನ್ನು ಏನೆಂದು ಬರೆದುಕೊಳ್ಳುತ್ತಾರೆ. ದೀವರ, ಹವ್ಯಕರ, ಲಂಬಾಣಿಗರ ಮನೆಮಾತು ಬಲ್ಲವರು ತಮ್ಮಲ್ಲಿ ಇವಕ್ಕೆ ಬೈಗುಳವಲ್ಲದ ಪದಗಳಿದ್ದರೆ ಅವನ್ನೂ ತಿಳಿಸಿ.